ಮಾರಿದ ಮೇಲೂ ಮಾರಿದವನದೇ?

ಯೂಬಿಸಾಫ್ಟ್ ಎಂಬ ಫ್ರೆಂಚ್ ಸಂಸ್ಥೆಯು 2014ರಲ್ಲಿ ಹೊರತಂದ ‘ದಿ ಕ್ರೂ’ ಎಂಬ ಮೋಟಾರು ಪಂದ್ಯದ ವಿಡಿಯೋ ಗೇಮನ್ನು ನಾನಾ ದೇಶಗಳ ಜನರು ಬೆಲೆ ತೆತ್ತು ಕೊಂಡಿದ್ದರು; ಅವರಲ್ಲಿ ಅನೇಕರು ಅಂಗಡಿಗೇ ಹೋಗಿ ಡಿಸ್ಕಿನ ರೂಪದಲ್ಲಿ ಅದನ್ನು ಮನೆಗೆ ತಂದಿದ್ದರು. 2024ರ ಮಾರ್ಚ್ 31ರಂದು ಸಂಸ್ಥೆಯು ಆ ಆಟದ ಸರ್ವರುಗಳನ್ನು ನಿಲ್ಲಿಸಿತು. ಒಬ್ಬನೇ ಕುಳಿತು ಆಡುವುದಕ್ಕೂ ಸರ್ವರಿನ ಸಂಪರ್ಕ ಅನಿವಾರ್ಯವಾಗುವಂತೆ ಆ ಆಟವು ರಚಿತವಾಗಿದ್ದುದರಿಂದ, ಅಂದಿನಿಂದ ಡಿಸ್ಕು ಕಪಾಟಿನಲ್ಲಿದ್ದೂ ಆಟವು ಇಲ್ಲವಾಯಿತು. ಅಷ್ಟಕ್ಕೇ ತೃಪ್ತವಾಗದೆ, ಮುಂದಿನ ಕೆಲವೇ ದಿನಗಳಲ್ಲಿ ಸಂಸ್ಥೆಯು ಕೊಂಡವರ ಖಾತೆಗಳಿಂದ ಅದರ ಪರವಾನಗಿಯನ್ನೂ ಹಿಂದೆಗೆದುಕೊಳ್ಳತೊಡಗಿತು. ಆಗಷ್ಟೇ ಕೊಂಡಿದ್ದ ಕೆಲವರಿಗೆ ಹಣ ಮರಳಿತೆಂಬುದನ್ನು ಬಿಟ್ಟರೆ, ಉಳಿದವರಿಗೆ ದೊರೆತ ಸಮಾಧಾನವೆಲ್ಲ ಇಷ್ಟೇ: ನೀವು ಕೊಂಡದ್ದು ಆಟವನ್ನಲ್ಲ, ಅದನ್ನು ಆಡುವ ಅನುಮತಿಯನ್ನು ಮಾತ್ರ.

ಈ ಸಮಾಧಾನವು ನ್ಯಾಯಸಮ್ಮತವಲ್ಲವೆಂಬುದೂ, ನಮ್ಮ ದೇಶದ ನ್ಯಾಯಾಲಯದಲ್ಲಿ ಇದೇ ಉದ್ಯಮವು ಗೆದ್ದುಕೊಂಡ ವಾದಕ್ಕೆ ಇದು ನೇರವಾಗಿ ವಿರುದ್ಧವೆಂಬುದೂ ನನ್ನ ಅಭಿಪ್ರಾಯ. ಇದನ್ನು ಯಂತ್ರದ್ವೇಷದಿಂದ ಹೇಳುತ್ತಿಲ್ಲ. ಗಣಕಯಂತ್ರವನ್ನು ಬಿಚ್ಚಿ ಜೋಡಿಸುವುದರಲ್ಲಿಯೂ, ಹೊಸ ತಂತ್ರಾಂಶವನ್ನು ಹಾಕಿ ನೋಡುವುದರಲ್ಲಿಯೂ ಸುಖ ಕಾಣುವವರ ಗುಂಪಿಗೆ ನಾನೂ ಸೇರಿದವನು. ಆ ವಸ್ತುಗಳ ಮೇಲಣ ಪ್ರೀತಿಯೇ, ಅವು ಕೊಂಡವನ ಕೈಯಲ್ಲಿ ಉಳಿಯಬೇಕೆಂಬ ಹಟಕ್ಕೆ ಕಾರಣ.

ದಿ ಕ್ರೂ ಪ್ರಸಂಗವು ಮೊದಲನೆಯದೇನಲ್ಲ. 2009ರ ಜುಲೈ ತಿಂಗಳಿನಲ್ಲಿ ಅಮೆಜಾನ್ ಸಂಸ್ಥೆಯು ಜಾರ್ಜ್ ಆರ್ವೆಲ್ಲನ ಎರಡು ಪುಸ್ತಕಗಳನ್ನು, ಕೊಂಡವರ ಕಿಂಡಲ್ ಯಂತ್ರಗಳಿಂದ ದೂರದಲ್ಲಿಯೇ ಕುಳಿತು ಅಳಿಸಿಹಾಕಿತು. ಮಾರಿದ ಪ್ರಕಾಶಕನಿಗೆ ಆ ಪುಸ್ತಕಗಳ ಹಕ್ಕಿರಲಿಲ್ಲವೆಂಬುದು ನಿಜ. ಹಣವನ್ನು ಮರಳಿಸಿದುದೂ ನಿಜ. ಸಂಸ್ಥೆಯ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಯಾಚಿಸಿದುದೂ ನಿಜ. ಆದರೆ ಕ್ಷಮಾಪಣೆಯಿಂದ ತೊಡೆದುಹೋದುದು ಆ ಒಂದು ಕೃತ್ಯ ಮಾತ್ರ. ಬೇಕೆನಿಸಿದಾಗ ಓದುಗನ ಪುಸ್ತಕದ ಮೇಲೆ ಕೈಯಿಡುವ ಸಾಮರ್ಥ್ಯವು ಇದ್ದಲ್ಲಿಯೇ ಇದ್ದಿತು. 2016ರಲ್ಲಿ ಗೂಗಲ್ ಪರಿವಾರದ ನೆಸ್ಟ್ ಸಂಸ್ಥೆಯು, ತಾನು ವಶಪಡಿಸಿಕೊಂಡಿದ್ದ ರಿವಾಲ್ವ್ ಎಂಬ ಕಂಪನಿಯ ಸರ್ವರುಗಳನ್ನು ಮುಚ್ಚಿ, ಸುಮಾರು 300 ಡಾಲರುಗಳಿಗೆ ಮಾರಾಟವಾಗಿದ್ದ ಗೃಹೋಪಕರಣ ನಿಯಂತ್ರಕಗಳನ್ನು ಬರಿಯ ಪ್ಲಾಸ್ಟಿಕ್ ಡಬ್ಬಿಗಳನ್ನಾಗಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿಯನ್ನು ಮುಚ್ಚಿದಾಗ, ಮಾರಿದ ಪುಸ್ತಕಗಳೂ ಅದರೊಡನೆ ಮುಚ್ಚಿಹೋದವು. 2023ರ ಡಿಸೆಂಬರಿನಲ್ಲಿ ಸೋನಿ ಸಂಸ್ಥೆಯು ಡಿಸ್ಕವರಿ ವಾಹಿನಿಯ ಕಾರ್ಯಕ್ರಮಗಳನ್ನು ಪ್ಲೇಸ್ಟೇಷನ್ ಗ್ರಾಹಕರ ಸಂಗ್ರಹದಿಂದ ತೆಗೆದುಹಾಕುವುದಾಗಿ ಸಾರಿತು. ಜನರ ಕೂಗು ಎದ್ದ ಮೇಲೆ ಆ ನಿರ್ಧಾರವನ್ನು ಕೈಬಿಟ್ಟಿತಾದರೂ, ಹೊಸ ಒಪ್ಪಂದದಿಂದ ದೊರೆತುದು ಕನಿಷ್ಠ 30 ತಿಂಗಳುಗಳ ಭರವಸೆ ಮಾತ್ರ. 2025ರ ಫೆಬ್ರವರಿಯಲ್ಲಿ ಅಮೆಜಾನ್, ಕೊಂಡ ಪುಸ್ತಕದ ಕಡತವನ್ನು ಗಣಕಕ್ಕೆ ಇಳಿಸಿಕೊಂಡು ತಂತಿಯ ಮೂಲಕ ಕಿಂಡಲಿಗೆ ಸಾಗಿಸುವ ಸೌಕರ್ಯವನ್ನೇ ರದ್ದುಗೊಳಿಸಿತು. ಪುಸ್ತಕ, ಚಲನಚಿತ್ರ, ಆಟ, ಯಂತ್ರ: ವಸ್ತುಗಳು ಬೇರೆ ಬೇರೆಯಾದರೂ ಕ್ರಮವೊಂದೇ.

ವಿಷಯವು ಸ್ಪಷ್ಟವಾಗಬೇಕಾದರೆ ಒಂದು ಹಳೆಯ ವಿವೇಚನೆಯನ್ನು ನೆನೆಯಬೇಕು. ಕೃತಿಯ ಮೇಲಣ ಹಕ್ಕು ಬೇರೆ, ಪ್ರತಿಯ ಮೇಲಣ ಹಕ್ಕು ಬೇರೆ. ಕಾದಂಬರಿಯನ್ನು ಮರುಮುದ್ರಿಸುವ, ಅನುವಾದಿಸುವ, ಚಲನಚಿತ್ರವನ್ನಾಗಿಸುವ ಅಧಿಕಾರ ಗ್ರಂಥಕರ್ತನದು. ಅದರಲ್ಲಿ ಓದುಗನಿಗೆ ಪಾಲಿಲ್ಲ, ಅವನು ಕೇಳುವುದೂ ಇಲ್ಲ. ಆದರೆ ಅವನು ಹಣ ಕೊಟ್ಟು ತಂದ ಒಂದು ಪ್ರತಿಯನ್ನು ಓದುವ, ಅಂಚಿನಲ್ಲಿ ಗೀಚುವ, ಸ್ನೇಹಿತನಿಗೆ ಕೊಡುವ, ಮಕ್ಕಳಿಗೆ ಬಿಟ್ಟುಹೋಗುವ, ಕಷ್ಟಕಾಲದಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗೆ ಮಾರುವ ಸ್ವಾತಂತ್ರ್ಯವು ಅವನದು. ಅದರಲ್ಲಿ ಗ್ರಂಥಕರ್ತನಿಗೂ ಪ್ರಕಾಶಕನಿಗೂ ಪಾಲಿಲ್ಲ. ಈ ಎರಡು ಹಕ್ಕುಗಳೂ ಒಂದನ್ನೊಂದು ತುಳಿಯದೆ ಮುದ್ರಣಯುಗವೆಲ್ಲ ಬಾಳಿಬಂದುವು. ಪ್ರತಿಯು ಕಾಗದದಿಂದ ಕಡತಕ್ಕೆ ಇಳಿದೊಡನೆ, ಮೊದಲನೆಯ ಹಕ್ಕಿನ ಹೆಸರಿನಲ್ಲಿ ಎರಡನೆಯದನ್ನು ನುಂಗಿಬಿಡುವ ಪ್ರಯತ್ನವೇ ‘ಪರವಾನಗಿ’ ಎಂಬ ಈ ಏರ್ಪಾಡು.

ಇನ್ನು ನಮ್ಮ ನ್ಯಾಯಾಲಯಗಳ ಕಥೆ. ಮಾರುಕಟ್ಟೆಯಲ್ಲಿ ಸಿದ್ಧವಾಗಿ ದೊರೆಯುವ ತಂತ್ರಾಂಶದ ಮೇಲೆ ಆಂಧ್ರಪ್ರದೇಶ ಸರ್ಕಾರವು ಮಾರಾಟ ತೆರಿಗೆ ಹಾಕಿದಾಗ, ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಸಂಸ್ಥೆಯು, ತಂತ್ರಾಂಶವು ಅಮೂರ್ತವಾದ ಬೌದ್ಧಿಕ ಸ್ವತ್ತಾದುದರಿಂದ ಸರಕೇ ಅಲ್ಲವೆಂದು ವಾದಿಸಿತು. ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು 2004ರಲ್ಲಿ ಆ ವಾದವನ್ನು ತಳ್ಳಿಹಾಕಿ, ಡಿಸ್ಕಿನಲ್ಲಿ ತುಂಬಿ ಮಾರುವ ತಂತ್ರಾಂಶವು ಸರಕೇ ಸರಿ ಎಂದಿತು. ಅನಂತರ ಆದಾಯ ತೆರಿಗೆಯ ಪ್ರಶ್ನೆ ಎದ್ದಿತು. ವಿದೇಶದ ತಯಾರಕರಿಗೆ ಸಲ್ಲುವ ಹಣವು ಪರವಾನಗಿಗಾಗಿ ಕೊಡುವ ರಾಯಲ್ಟಿಯಾದರೆ ಅದರಿಂದ ಇಲ್ಲಿಯೇ ತೆರಿಗೆಯನ್ನು ಕಡಿತ ಮಾಡಬೇಕಾಗುತ್ತದೆ. ವಸ್ತುವಿನ ಬೆಲೆಯಾದರೆ ಹಾಗಿಲ್ಲ. 2011ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದು ರಾಯಲ್ಟಿಯೇ ಎಂದು ತೀರ್ಪಿತ್ತಿತು. ಅದರ ಮೇಲೆ ಹೋದ ಮೇಲ್ಮನವಿಗಳಲ್ಲಿ, ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಸಂಸ್ಥೆಯ ಹೆಸರಿನಿಂದ ಪ್ರಸಿದ್ಧವಾದ ಮೊಕದ್ದಮೆಯಲ್ಲಿ, ಕಂಪನಿಗಳೆಲ್ಲವೂ ಒಕ್ಕೊರಲಿನಿಂದ ವಾದಿಸಿದುದೇನೆಂದರೆ, ಇಲ್ಲಿ ಕೃತಿಸ್ವಾಮ್ಯದ ಯಾವ ಅಂಶವೂ ಕೈಬದಲಾಗಿಲ್ಲ, ನಡೆದದ್ದು ಒಂದು ಪ್ರತಿಯ ಮಾರಾಟ ಮಾತ್ರ, ಎಂದು. 2021ರ ಮಾರ್ಚ್ 2ರಂದು ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ಎತ್ತಿಹಿಡಿದು ಉಚ್ಚ ನ್ಯಾಯಾಲಯದ ತೀರ್ಪನ್ನು ರದ್ದುಗೊಳಿಸಿತು.

ಇದೀಗ ಚಿತ್ರವು ಪೂರ್ಣವಾಯಿತು. ಮಾರಾಟ ತೆರಿಗೆಯ ಅಧಿಕಾರಿಯ ಎದುರಿಗೆ, ಇದು ಸರಕಲ್ಲ. ಆದಾಯ ತೆರಿಗೆಯ ಅಧಿಕಾರಿಯ ಎದುರಿಗೆ, ಇದು ಸರಕೇ ಹೊರತು ಪರವಾನಗಿಯ ಶುಲ್ಕವಲ್ಲ. ಕೊಂಡವನ ಎದುರಿಗೆ, ಇದು ಪರವಾನಗಿಯೇ ಹೊರತು ಸರಕಲ್ಲ. ನುಡಿದವರು ಬೇರೆ ಬೇರೆ ಕಂಪನಿಗಳಿರಬಹುದು. ತೆರಿಗೆಯ ಮೊಕದ್ದಮೆಗಳಲ್ಲಿ ಗ್ರಾಹಕನ ಹಕ್ಕು ವಿಚಾರಣೆಗೆ ಬಂದಿರಲೂ ಇಲ್ಲ. ಆದರೂ ಮಾರಾಟವೆಂಬ ನೆಲೆಯ ಮೇಲೆ ನಿಂತು ತೆರಿಗೆಯಿಂದ ಪಾರಾದ ಉದ್ಯಮವು, ಅದೇ ವ್ಯವಹಾರದಲ್ಲಿ ಗ್ರಾಹಕನ ಕಡೆಗೆ ತಿರುಗಿ ಮಾರಾಟವೇ ನಡೆದಿಲ್ಲವೆನ್ನುವುದು ಯಾವ ನ್ಯಾಯ?

ಪ್ರತಿಪಕ್ಷದವರ ವಾದಗಳಲ್ಲಿ ಮೂರು ಪರಿಶೀಲನಾರ್ಹವಾಗಿವೆ. ಒಪ್ಪಂದಕ್ಕೆ ನೀವೇ ಸಮ್ಮತಿಸಿದ್ದೀರಿ ಎಂಬುದು ಮೊದಲನೆಯದು. ಹತ್ತಾರು ಪುಟಗಳ ಷರತ್ತನ್ನು ತೆರೆಯ ಮೇಲೆ ಹರಿಯಬಿಟ್ಟು, ಒಪ್ಪದಿದ್ದರೆ ಹಣ ಕೊಟ್ಟ ವಸ್ತು ತೆರೆಯದಂತೆ ಮಾಡಿ ಪಡೆದ ಸಮ್ಮತಿಗೆ ಎಷ್ಟು ಬೆಲೆಯೆಂಬುದು ಎಲ್ಲರಿಗೂ ತಿಳಿದದ್ದೇ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಾದರೋ, ಸಕಾರಣವಿಲ್ಲದೆ ಒಂದೇ ಪಕ್ಷವು ಕರಾರನ್ನು ಮುರಿಯಲು ಅವಕಾಶವೀಯುವ ಷರತ್ತನ್ನು ಅನ್ಯಾಯದ ಕರಾರುಗಳ ಪಟ್ಟಿಯಲ್ಲಿ ಹೆಸರಿಸಿಯೇ ಸೇರಿಸಿದೆ. ಆದರೆ ಅಂಥ ಕರಾರಿನ ವಿರುದ್ಧ ದೂರನ್ನು ಆಲಿಸುವ ಅಧಿಕಾರವನ್ನು ಜಿಲ್ಲಾ ಆಯೋಗಕ್ಕೆ ಕೊಡದೆ, ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಮೀಸಲಿಟ್ಟಿದೆ. ಐನೂರು ರೂಪಾಯಿಯ ಪುಸ್ತಕವನ್ನು ಕಳೆದುಕೊಂಡ ಬೀದರಿನ ಓದುಗನು ರಾಜ್ಯ ಆಯೋಗದವರೆಗೆ ನ್ಯಾಯ ಕೇಳಿಕೊಂಡು ಹೋಗುವನೆ? ಹಕ್ಕು ಪುಸ್ತಕದಲ್ಲಿದ್ದು ಬಾಗಿಲು ದೂರದಲ್ಲಿದ್ದರೆ, ಹಕ್ಕು ಇದ್ದೂ ಇಲ್ಲದಂತೆಯೇ.

ಎರಡನೆಯ ವಾದವು ಕಳ್ಳಪ್ರತಿಗಳದು. ಕಡತವೊಂದು ಕ್ಷಣಮಾತ್ರದಲ್ಲಿ ಸಾವಿರವಾಗಬಲ್ಲುದಾದುದರಿಂದ, ನಕಲನ್ನು ತಡೆಯುವ ತಾಂತ್ರಿಕ ಬೀಗವಿಲ್ಲದಿದ್ದರೆ ಕಲಾವಿದನೂ ಗ್ರಂಥಕರ್ತನೂ ಉಪವಾಸ ಬೀಳುವರೆಂಬ ಈ ಭಯವನ್ನು ಲಘುವಾಗಿ ಎಣಿಸತಕ್ಕುದಲ್ಲ. ಆದರೆ ಅನುಭವವು ಏನು ಹೇಳುತ್ತದೆ? 2005ರಲ್ಲಿ ಸೋನಿ ಬಿಎಂಜಿ ಸಂಸ್ಥೆಯು ಸಂಗೀತದ ಸಿಡಿಗಳಲ್ಲಿ ಗುಟ್ಟಾಗಿ ಅಡಗಿಸಿದ ಬೀಗವು, ಹಣ ಕೊಟ್ಟು ಕೊಂಡವರ ಗಣಕಗಳಲ್ಲಿಯೇ ವೈರಸ್ಸುಗಳಿಗೆ ಎಡೆಮಾಡಿಕೊಟ್ಟು, ಕೊನೆಗೆ ಆ ಸಿಡಿಗಳನ್ನು ಸಂಸ್ಥೆಯು ಹಿಂದಕ್ಕೆ ಪಡೆಯಬೇಕಾಯಿತು. 2009ರಲ್ಲಿ ಆಪಲ್ ಸಂಸ್ಥೆಯ ಐಟ್ಯೂನ್ಸ್ ಅಂಗಡಿಯು, ದೊಡ್ಡ ಧ್ವನಿಮುದ್ರಣ ಕಂಪನಿಗಳ ಒಪ್ಪಿಗೆಯಿಂದಲೇ, ಹಾಡುಗಳ ಮೇಲಿನ ಬೀಗವನ್ನು ತೆಗೆದುಹಾಕಿತು. ಸಂಗೀತದ ವ್ಯಾಪಾರವು ಅದರಿಂದ ನಾಶವಾಗಲಿಲ್ಲ. ಪೋಲೆಂಡಿನ ಜಿಒಜಿ ಎಂಬ ಅಂಗಡಿಯು 2008ರಿಂದಲೂ ಬೀಗವಿಲ್ಲದ ಆಟಗಳನ್ನು ಮಾರಿಕೊಂಡೇ ಬಂದಿದೆ. ಕಳ್ಳನ ಕೈಗೆ ಸೇರುವ ಪ್ರತಿಯಲ್ಲಿ ಬೀಗವಿರುವುದಿಲ್ಲ, ಅದನ್ನು ಮುರಿದ ಮೇಲೆಯೇ ಅದು ಅವನಿಗೆ ತಲುಪುವುದು. ಬೀಗದ ಭಾರವನ್ನು ಹೊರುವವನು ಪ್ರಾಮಾಣಿಕನಾಗಿ ಬೆಲೆ ತೆತ್ತವನೊಬ್ಬನೇ.

ಸರ್ವರುಗಳನ್ನು ಯಾವ ಸಂಸ್ಥೆಯೂ ಅನಂತಕಾಲ ನಡೆಸಲಾರದೆಂಬುದು ಮೂರನೆಯದು. ಇದು ಸರಿಯಾದ ಮಾತು. ಆದರೆ ಅನಂತಕಾಲ ನಡೆಸಿರೆಂದು ಯಾರೂ ಕೇಳಿಲ್ಲ. ರಾಸ್ ಸ್ಕಾಟ್ ಎಂಬಾತನು 2024ರಲ್ಲಿ ಆರಂಭಿಸಿದ, ಯುರೋಪಿನಲ್ಲಿ 2025ರ ಜುಲೈ ವೇಳೆಗೆ 10 ಲಕ್ಷಕ್ಕೂ ಮಿಕ್ಕು ಸಹಿಗಳನ್ನು ಪಡೆದ ಚಳವಳಿಯ ಬೇಡಿಕೆಯಾದರೂ, ನೀವು ಕೈಬಿಡುವ ದಿನ ಆಟವು ನಿಮ್ಮ ಸಹಾಯವಿಲ್ಲದೆ ನಡೆಯುವ ಸ್ಥಿತಿಯಲ್ಲಿ ಬಿಟ್ಟುಹೋಗಿರಿ ಎಂಬುದಷ್ಟೇ. ಅದು ಅಸಾಧ್ಯವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ: ಗದ್ದಲವೆದ್ದ ಮೇಲೆ, 2024ರ ಸೆಪ್ಟೆಂಬರಿನಲ್ಲಿ ಯೂಬಿಸಾಫ್ಟ್ ಸಂಸ್ಥೆಯೇ ದಿ ಕ್ರೂ ಸರಣಿಯ ಮುಂದಿನ ಆಟಗಳಿಗೆ ಸರ್ವರಿಲ್ಲದೆ ಆಡುವ ಕ್ರಮವನ್ನು ಒದಗಿಸುವುದಾಗಿ ಪ್ರಕಟಿಸಿತು.

ಬಾಡಿಗೆಯನ್ನು ನಾನು ವಿರೋಧಿಸುವವನಲ್ಲ. ತಿಂಗಳಿಗಿಷ್ಟೆಂದು ಕೊಟ್ಟು ಚಲನಚಿತ್ರ ನೋಡುವವನಿಗೆ ತಾನು ಬಾಡಿಗೆದಾರನೆಂಬುದು ತಿಳಿದಿದೆ, ಅಲ್ಲಿ ವಂಚನೆಯಿಲ್ಲ. ಬಾಡಿಗೆಯೊಂದೇ ಉಳಿದು ಕೊಳ್ಳುವ ದಾರಿ ಮುಚ್ಚಿಹೋಗುವುದು ಆತಂಕದ ವಿಷಯ. ಅಡೋಬಿ ಸಂಸ್ಥೆಯು 2013ರಲ್ಲಿ ತನ್ನ ಚಿತ್ರ ಸಂಸ್ಕರಣ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಚಂದಾದಾರರಿಗೆ ಮಾತ್ರವೆಂದು ನಿಗದಿ ಮಾಡಿತು. ಯೂಬಿಸಾಫ್ಟಿನ ಅಧಿಕಾರಿಯೊಬ್ಬರು 2024ರ ಜನವರಿಯಲ್ಲಿ, ಚಂದಾ ಪದ್ಧತಿಯು ಬೆಳೆಯಬೇಕಾದರೆ ಆಟಗಳು ತಮ್ಮ ಸ್ವಂತದ್ದಲ್ಲವೆಂಬ ಸ್ಥಿತಿಗೆ ಆಟಗಾರರು ಒಗ್ಗಿಕೊಳ್ಳಬೇಕೆಂಬ ಅರ್ಥದ ಮಾತನ್ನು ಆಡಿದರು.

ಹಾನಿಯು ಗ್ರಾಹಕನ ಕಿಸೆಗೆ ಮಾತ್ರ ಸೀಮಿತವೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ನಮಗೆ ಹೇಗೆ ದೊರೆಯಿತೆಂಬುದನ್ನು ನೆನೆಯಿರಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ತಾಳೆಯೋಲೆಯ ಪ್ರತಿಯನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಕೊಟ್ಟರು, ಅಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಅದು ಬಿದ್ದು, 1909ರಲ್ಲಿ ಅಚ್ಚಾಯಿತು. ಆ ಪಂಡಿತರಿಗೆ ಪ್ರತಿಯನ್ನು ಇಟ್ಟುಕೊಳ್ಳುವ ಹಾಗೂ ಕೊಡುವ ಸ್ವಾತಂತ್ರ್ಯವಿದ್ದುದರಿಂದಲೇ ಇದು ಸಾಧ್ಯವಾಯಿತು. ಇದಕ್ಕೆ ಪ್ರತಿಯಾಗಿ, 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ, ಚಲನಚಿತ್ರದ ಸುರುಳಿಗಳು ಅಂದು ಮನೆ ಮನೆಯಲ್ಲಿ ಇರಬಲ್ಲ ವಸ್ತುಗಳಾಗಿರಲಿಲ್ಲ. ಅನೇಕರ ಕೈಯಲ್ಲಿದ್ದುದು ಉಳಿಯುವುದು, ಒಬ್ಬನ ಕೈಯಲ್ಲಿದ್ದುದು ಅಳಿಯುವುದು: ಸಂಸ್ಕೃತಿಯ ಇತಿಹಾಸದಲ್ಲಿ ಇದಕ್ಕೆ ಅಪವಾದಗಳು ವಿರಳ. ಇಂದು ನೇರವಾಗಿ ಒಟಿಟಿಯಲ್ಲಿಯೇ ತೆರೆಕಂಡು, ಡಿಸ್ಕಿನ ಮುಖವನ್ನೇ ಕಾಣದಿರುವ ಕನ್ನಡ ಚಿತ್ರಗಳ ಆಯುಸ್ಸು, ದೂರದೇಶದ ಲೆಕ್ಕಿಗನೊಬ್ಬನ ಲಾಭನಷ್ಟದ ಗಣನೆಗೆ ಕಟ್ಟುಬಿದ್ದಿದೆ.

ಹಾಗಾದರೆ ಆಗಬೇಕಾದುದೇನು? ಕ್ಯಾಲಿಫೋರ್ನಿಯಾ ರಾಜ್ಯವು 2024ರಲ್ಲಿ ಶಾಸನವೊಂದನ್ನು ಮಾಡಿ, ಹಿಂದೆಗೆಯಬಹುದಾದ ಪರವಾನಗಿಯನ್ನು ‘ಕೊಳ್ಳಿರಿ’ ಎಂಬ ಗುಂಡಿಯಿಟ್ಟು ಮಾರುವುದಾದರೆ ಆ ಸತ್ಯವನ್ನು ಸ್ಪಷ್ಟವಾಗಿ ಹೇಳತಕ್ಕುದೆಂದು ವಿಧಿಸಿತು. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಒಳ್ಳೆಯ ಹೆಜ್ಜೆಯಾದರೂ ಇದು ಚೀಟಿ ಅಂಟಿಸುವ ಕೆಲಸ. ಅನ್ಯಾಯವನ್ನು ಮುಂಚಿತವಾಗಿ ತಿಳಿಸಿ ಮಾಡಿದರೆ ಅದು ನ್ಯಾಯವಾಗದು. ಯುರೋಪಿನ ನ್ಯಾಯಾಲಯವು 2012ರಲ್ಲಿ, ಕಾಲಮಿತಿಯಿಲ್ಲದ ಪರವಾನಗಿಯೊಡನೆ ಡೌನ್‌ಲೋಡ್ ಮಾಡಿಕೊಂಡ ತಂತ್ರಾಂಶವನ್ನು ಕೊಂಡವನು ಮರುಮಾರಾಟ ಮಾಡಬಹುದೆಂದಿತು; 2019ರಲ್ಲಿ ಅದೇ ನ್ಯಾಯಾಲಯವು ಇ-ಪುಸ್ತಕಗಳಿಗೆ ಆ ಸೌಲಭ್ಯವಿಲ್ಲವೆಂದಿತು. ತರ್ಕಕ್ಕೆ ನಿಲುಕದ ಈ ಭೇದವನ್ನು ನಾವು ಅನುಕರಿಸಬೇಕಾಗಿಲ್ಲ.

ನಮ್ಮ ಕೃತಿಸ್ವಾಮ್ಯದ ಕಾಯಿದೆಯು ಕೆಲವಂಶಗಳಲ್ಲಿ ಅಮೆರಿಕದ್ದಕ್ಕಿಂತ ವಿವೇಕಯುತವಾದುದು. 2012ರ ತಿದ್ದುಪಡಿಯಿಂದ ಬಂದ 65ಎ ವಿಧಿಯು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗವನ್ನು ಮುರಿದವನನ್ನು ಮಾತ್ರ ಶಿಕ್ಷಿಸುತ್ತದೆ; 52ನೆಯ ವಿಧಿಯು, ನ್ಯಾಯವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯಿಂದ ಸ್ವಂತದ ಬಳಕೆಗಾಗಿ ನಕಲು ಮಾಡಿಕೊಳ್ಳುವುದನ್ನು ಅಪರಾಧವೆಂದು ಎಣಿಸುವುದಿಲ್ಲ. ಕೊರತೆಯೆಂದರೆ, ಇವು ಗ್ರಾಹಕನಿಗೆ ಕ್ಷಮೆಯನ್ನು ಕೊಡುತ್ತವೆಯೇ ಹೊರತು ಅಧಿಕಾರವನ್ನು ಕೊಡುವುದಿಲ್ಲ. ಬೀಗ ಮುರಿಯಬಲ್ಲ ಜಾಣನಿಗೆ ಪ್ರಯೋಜನವಾದೀತು, ಸಾಮಾನ್ಯನಿಗಾಗದು. ಆದುದರಿಂದ ಸಂಸತ್ತು, ಒಂದೇ ಬಾರಿ ಬೆಲೆ ಪಡೆದು ಅವಧಿ ನಮೂದಿಸದೆ ಕೊಟ್ಟ ಯಾವ ಡಿಜಿಟಲ್ ವಸ್ತುವನ್ನಾದರೂ ಮಾರಾಟವೆಂದೇ ಪರಿಗಣಿಸಬೇಕೆಂದೂ, ಅದರ ಸ್ವತಂತ್ರವಾಗಿ ನಡೆಯುವ ಪ್ರತಿಯನ್ನು ಕೊಂಡವನಿಗೆ ಒದಗಿಸಬೇಕೆಂದೂ, ತನ್ನಲ್ಲಿ ಉಳಿಸಿಕೊಳ್ಳದೆ ಅದನ್ನು ಇನ್ನೊಬ್ಬರಿಗೆ ವಹಿಸುವ ಹಕ್ಕು ಅವನಿಗುಂಟೆಂದೂ ಸ್ಪಷ್ಟವಾಗಿ ವಿಧಿಸಲಿ. ಜಿಲ್ಲಾ ಆಯೋಗಗಳಿಗೆ ಇಂಥ ದೂರುಗಳನ್ನು ಕೇಳುವ ಅಧಿಕಾರವನ್ನು ಕೊಡಲಿ.

ಇದು ಉದ್ಯಮಕ್ಕೆ ಭಾರವೆಂದು ತೋರಿದರೆ ಇನ್ನೊಂದು ಮಾರ್ಗವೂ ಉಂಟು. ತಾನು ಕೊಡುವುದು ಪರವಾನಗಿಯೇ ಎಂದು ಅದು ತೆರಿಗೆಯ ಕಚೇರಿಯಲ್ಲಿಯೂ ಒಪ್ಪಿಕೊಂಡು, 2021ರಲ್ಲಿ ತಪ್ಪಿಸಿಕೊಂಡ ರಾಯಲ್ಟಿಯ ತೆರಿಗೆಯನ್ನು ಮುಂದಿನ ಪ್ರತಿಯೊಂದು ವ್ಯವಹಾರಕ್ಕೂ ಕಟ್ಟಲಿ. ಮಾರಾಟದ ಲಾಭ ಬೇಕಾದವನು ಮಾರಾಟದ ಹೊಣೆಯನ್ನೂ ಹೊರಬೇಕು. ಎರಡನ್ನೂ ಒಲ್ಲದವನು ಬಾಡಿಗೆಯೆಂದು ಬೋರ್ಡು ಹಾಕಿ, ಬಾಡಿಗೆಗೆ ತಕ್ಕ ದರವನ್ನಷ್ಟೇ ಕೇಳಲಿ.