‘ಟಕ್’ ಅಂದರೆ ವಾಸಿಯಾಯ್ತಾ? ಬೆನ್ನು ನೋವಿನ ಮಾರುಕಟ್ಟೆ ಮತ್ತು ಲೆಕ್ಕಕ್ಕೆ ಸಿಗದ ಕೈಗಳು

ಕಳೆದ ತಿಂಗಳು ರಾತ್ರಿ ಹನ್ನೊಂದೂವರೆಗೆ ಕಾಲೇಜು ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಎರಡು ಲಿಂಕ್ ಕಳಿಸಿದ. ಒಂದು ಕೈರೋಪ್ರಾಕ್ಟಿಕ್ ಕ್ಲಿನಿಕ್‌ನದ್ದು, ಇನ್ನೊಂದು ಆಸ್ಟಿಯೋಪತಿ ಸೆಂಟರ್‌ನದ್ದು. ‘ಮಗಾ, ಎಂಟು ತಿಂಗಳಾಯ್ತು ಸೊಂಟ ನೋವು. ಕೂತ್ಕೊಳ್ಳೋಕೇ ಆಗ್ತಿಲ್ಲ. ಇವೆರಡರಲ್ಲಿ ಯಾವ್ದು ಒಳ್ಳೇದು? ನೀನು ಹೋಗಿದ್ಯಲ್ಲ, ಹೇಳು.’

ಹೌದು, ನಾನು ಹೋಗಿದ್ದೆ. ಸಾಫ್ಟ್‌ವೇರ್ ಕೆಲಸದ ಕೊನೆಯ ವರ್ಷ ಅದು. ಇನ್‌ಸ್ಟಾಗ್ರಾಂನಲ್ಲಿ ರೀಲ್ ನೋಡಿ ನೋಡಿ, ಕತ್ತು ತಿರುಗಿಸಿದರೆ ಬರುವ ಆ ‘ಟಕ್’ ಸದ್ದಿಗೆ ಮರುಳಾಗಿ, ಬೆಂಗಳೂರಿನ ಒಂದು ಕ್ಲಿನಿಕ್ ಮೆಟ್ಟಿಲು ಹತ್ತಿದೆ. ಬಿಳಿ ಕೋಟು, ಬೋರ್ಡಿನ ಮೇಲೆ ‘ಡಾ.’ ಎಲ್ಲ ಇತ್ತು. ಎಕ್ಸ್‌ರೇ ನೋಡಿದವರು ‘ನಿಮ್ಮ ಬೆನ್ನುಮೂಳೆ ಮೂರು ಕಡೆ ಜರುಗಿದೆ, 24 ಸಿಟ್ಟಿಂಗ್ ಬೇಕು, ಪ್ಯಾಕೇಜ್ ತಗೊಂಡ್ರೆ ಡಿಸ್ಕೌಂಟ್’ ಅಂದರು. ಇಂಜಿನಿಯರಿಂಗ್ ಓದಿದ ತಲೆ ನೋಡಿ, ತಕ್ಷಣ ಒಪ್ಪಿಕೊಂಡಿತು. ಬೈಕಿನ ವೀಲ್ ಅಲೈನ್‌ಮೆಂಟ್ ಹೋದರೆ ಸರಿ ಮಾಡಿಸೋದಿಲ್ವಾ, ಹಾಗೆ.

ಮೊದಲ ದಿನ ಸಂಜೆ ಮೈ ಹಗುರಾಗಿತ್ತು. ಮರುದಿನ ನೋವು ವಾಪಸ್. ಆರನೇ ಸಿಟ್ಟಿಂಗ್‌ನಲ್ಲಿ ಕತ್ತು ತಿರುಗಿಸಿದ ಮೇಲೆ ಎಡಗೈ ಜೋಮು ಹಿಡಿದಿದ್ದು ನಾಲ್ಕು ದಿನ ಬಿಡಲಿಲ್ಲ. ಗಾಬರಿಯಾಗಿ ಮೂಳೆ ಡಾಕ್ಟರ ಹತ್ತಿರ ಓಡಿದೆ. ಅವರು ಕೇಳಿದ ಮೊದಲ ಪ್ರಶ್ನೆ: ‘ಕತ್ತು ತಿರುಗಿಸಿದವರು ಏನು ಓದಿದ್ದಾರೆ?’ ನನಗೆ ಗೊತ್ತಿರಲಿಲ್ಲ. ಒಂದು ಚಾರ್ಜರ್ ಕೊಳ್ಳುವಾಗ ಇಪ್ಪತ್ತು ರಿವ್ಯೂ ಓದುವ ನಾನು, ನನ್ನ ಕುತ್ತಿಗೆಯನ್ನು ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮನುಷ್ಯನ ಕೈಗೆ ಕೊಟ್ಟಿದ್ದೆ. ವಿಷಯ ಕೇಳಿ ಅಮ್ಮ ಅಂದರು: ‘ಬಸ್‌ಸ್ಟ್ಯಾಂಡ್ ಹತ್ರ ಪುತ್ತೂರು ಕಟ್ಟು ಕಟ್ತಾರಲ್ಲ, ಅಲ್ಲಿಗೆ ಹೋಗಿದ್ರೆ ಐನೂರು ರೂಪಾಯಲ್ಲಿ ಮುಗೀತಿತ್ತು ಕಣೋ.’

ನಕ್ಕೆ. ಆದರೆ ಅಮ್ಮನ ಮಾತು ಆಮೇಲೂ ಚುಚ್ಚುತ್ತಲೇ ಇತ್ತು. ಕ್ಷೌರದಂಗಡಿಯಲ್ಲಿ ನೆಟಿಗೆ ಮುರಿಯುವವರನ್ನು, ಮೂಳೆ ಕಟ್ಟುವವರನ್ನು ಹಳ್ಳಿಗರ ನಂಬಿಕೆ ಅಂತ ಆಡಿಕೊಳ್ಳುವ ನಾವು, ಅದೇ ಕೆಲಸ ಏಸಿ ರೂಮಿನಲ್ಲಿ ಇಂಗ್ಲಿಷ್ ಹೆಸರಿಟ್ಟುಕೊಂಡು ನಡೆದರೆ ಪ್ರಶ್ನೆ ಕೇಳೋದು ಮರೆತುಬಿಡುತ್ತೇವೆ.

ಈಗ ಗೆಳೆಯನ ಪ್ರಶ್ನೆಗೆ ಬರೋಣ. ಎರಡೂ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯ 1864ರಲ್ಲಿ ಮೆನಿಂಜೈಟಿಸ್‌ಗೆ ಮೂವರು ಮಕ್ಕಳನ್ನು ಕಳೆದುಕೊಂಡ. ಅಂದಿನ ಔಷಧಿಗಳ ಮೇಲೆ ನಂಬಿಕೆ ಹೋಗಿ, ಮೂಳೆ, ಸ್ನಾಯು, ರಕ್ತಸಂಚಾರ ಸರಿಯಿದ್ದರೆ ದೇಹ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ ಎಂಬ ವಾದ ಕಟ್ಟಿದ. 1892ರಲ್ಲಿ ಮಿಸ್ಸೂರಿಯ ಕರ್ಕ್ಸ್‌ವಿಲ್‌ನಲ್ಲಿ ಆಸ್ಟಿಯೋಪತಿ ಶಾಲೆ ತೆರೆದ. ಮೂರು ವರ್ಷದ ನಂತರ, 1895ರಲ್ಲಿ, ಐಯೋವಾದ ಡ್ಯಾವನ್‌ಪೋರ್ಟ್‌ನಲ್ಲಿ ಆಯಸ್ಕಾಂತ ಚಿಕಿತ್ಸೆ ಮಾಡುತ್ತಿದ್ದ ಡಿ.ಡಿ. ಪಾಮರ್, ಕಟ್ಟಡದ ಕೆಲಸಗಾರನೊಬ್ಬನ ಬೆನ್ನೆಲುಬು ಒತ್ತಿ ಕಿವುಡು ವಾಸಿ ಮಾಡಿದೆ ಎಂದು ಹೇಳಿಕೊಂಡ. ಅದೇ ಕೈರೋಪ್ರಾಕ್ಟಿಕ್‌ನ ಮೂಲಕಥೆ. 100ರಲ್ಲಿ 95 ಕಾಯಿಲೆಗೆ ಜರುಗಿದ ಬೆನ್ನೆಲುಬೇ ಕಾರಣ ಅಂತಲೂ ಪಾಮರ್ ಬರೆದ. ನನ್ನ ಎಕ್ಸ್‌ರೇ ಹಿಡಿದು ‘ಮೂರು ಕಡೆ ಜರುಗಿದೆ’ ಅಂದವರ ಮಾತಿನ ಬೇರು ಅಲ್ಲಿದೆ.

ಮುಂದೆ ದಾರಿಗಳು ಬೇರೆಯಾದವು. ಇಂದು ಅಮೆರಿಕದಲ್ಲಿ ಡಿಓ ಪದವಿ ಪಡೆದವರು ಎಂಡಿಗಳಂತೆಯೇ ಔಷಧಿ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ವೈದ್ಯರು. ಬ್ರಿಟನ್ನಿನ ಆಸ್ಟಿಯೋಪತ್‌ಗಳು ಕೈಯಿಂದ ಚಿಕಿತ್ಸೆ ಮಾಡುವವರಷ್ಟೇ. ಹಾಗಾಗಿ ‘ಆಸ್ಟಿಯೋಪತ್’ ಎಂಬ ಒಂದೇ ಪದಕ್ಕೆ ಎರಡು ದೇಶದಲ್ಲಿ ಎರಡು ಅರ್ಥ. ನಮ್ಮೂರಿನ ಬೋರ್ಡಿನಲ್ಲಿ ಆ ಪದ ಕಂಡರೆ ಅದಕ್ಕೆ ಯಾವ ಅರ್ಥ? ಅದನ್ನು ಬೋರ್ಡ್ ಹಾಕಿದವರನ್ನೇ ಕೇಳಬೇಕು.

ಸರಿ, ಕೆಲಸ ಮಾಡುತ್ತಾ? 2019ರಲ್ಲಿ ಬಿಎಂಜೆ ಪತ್ರಿಕೆ 47 ಪ್ರಯೋಗಗಳನ್ನು ಒಟ್ಟುಗೂಡಿಸಿದ ಸಮೀಕ್ಷೆ ಪ್ರಕಟಿಸಿತು. ದೀರ್ಘಕಾಲದ ಸೊಂಟ ನೋವಿಗೆ ಬೆನ್ನೆಲುಬು ಒತ್ತುವ ಚಿಕಿತ್ಸೆ, ವ್ಯಾಯಾಮದಂಥ ಶಿಫಾರಸು ಮಾಡಿದ ಚಿಕಿತ್ಸೆಗಳಷ್ಟೇ ಫಲ ಕೊಡುತ್ತದೆ ಎಂಬುದು ಅದರ ಸಾರ. 2021ರಲ್ಲಿ ಫ್ರಾನ್ಸಿನಲ್ಲಿ 400 ಜನರ ಮೇಲೆ ನಡೆದ ಪ್ರಯೋಗದಲ್ಲಿ ಅಸಲಿ ಆಸ್ಟಿಯೋಪತಿಗೂ ಅಣಕು ಆಸ್ಟಿಯೋಪತಿಗೂ ಸಿಕ್ಕ ವ್ಯತ್ಯಾಸ ತೀರಾ ಚಿಕ್ಕದು. ರೋಗಿಗೆ ಅದು ಲೆಕ್ಕಕ್ಕೆ ಬರುವಂಥದ್ದೇ ಅನ್ನುವ ಅನುಮಾನವನ್ನು ಸಂಶೋಧಕರೇ ಎತ್ತಿದರು. 2023ರ ಡಿಸೆಂಬರ್‌ನಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ತಿಳಿವಳಿಕೆ, ವ್ಯಾಯಾಮ, ಮನೋಚಿಕಿತ್ಸೆಗಳ ಸಾಲಿನಲ್ಲಿ ಇದನ್ನೂ ಇಟ್ಟಿದೆ. ಸೊಂಟದ ಬೆಲ್ಟ್, ಟ್ರಾಕ್ಷನ್ ಬೇಡ ಎಂದಿದೆ. ಬ್ರಿಟನ್ನಿನ ನೈಸ್ ಮಾರ್ಗಸೂಚಿ ಇನ್ನೂ ಖಚಿತ: ಕೈಚಿಕಿತ್ಸೆ ಕೊಡಬಹುದು, ಆದರೆ ವ್ಯಾಯಾಮದ ಜೊತೆಗೆ ಮಾತ್ರ.

ಅಂದರೆ ಇದು ಪೂರ್ತಿ ಬುರುಡೆ ಅಲ್ಲ, ಪವಾಡವೂ ಅಲ್ಲ. ಆ ‘ಟಕ್’ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಕೀಲಿನೊಳಗಿನ ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗುವುದಕ್ಕೆ ಬರುವ ಸದ್ದು. ಸ್ಕ್ಯಾನ್ ತೋರಿಸಿ ಹೆದರಿಸುವವರಿಗೂ ಒಂದು ಲೆಕ್ಕ ಇದೆ. ಯಾವ ನೋವೂ ಇಲ್ಲದ ಜನರ ಸ್ಕ್ಯಾನ್‌ಗಳ ಬಗ್ಗೆ 2015ರಲ್ಲಿ ಬಂದ ಸಮೀಕ್ಷೆಯಲ್ಲಿ, ಇಪ್ಪತ್ತರ ಹರೆಯದವರಲ್ಲೇ ಶೇ. 30ರಷ್ಟು ಮಂದಿಗೆ ಡಿಸ್ಕ್ ಉಬ್ಬಿತ್ತು. ಎಂಬತ್ತರವರಲ್ಲಿ ಶೇ. 84. ಡಿಸ್ಕ್ ಉಬ್ಬೋದು ಹೆಚ್ಚಿನಂಶ ತಲೆಗೂದಲು ನರೆತಂತೆ.

ಅಪಾಯ? ಸೊಂಟಕ್ಕೆ ಕಡಿಮೆ. ಕುತ್ತಿಗೆ ವಿಷಯ ಬೇರೆ. ಕುತ್ತಿಗೆಯನ್ನು ರಭಸದಿಂದ ತಿರುಗಿಸಿದ ಮೇಲೆ ಮಿದುಳಿಗೆ ಹೋಗುವ ರಕ್ತನಾಳ ಸೀಳಿ ಪಾರ್ಶ್ವವಾಯು ಆದ ಪ್ರಕರಣಗಳು ದಾಖಲಾಗಿವೆ. ಅಪರೂಪ, ಆದರೆ ಆದರೆ ಆಗಿಹೋಯ್ತು. ನಮ್ಮ ದೇಶಕ್ಕೆ ಇನ್ನೊಂದು ಎಚ್ಚರವೂ ಬೇಕು. ಇಲ್ಲಿ ಬೆನ್ನೆಲುಬಿನ ಕ್ಷಯ ಇದೆ. ತಿಂಗಳುಗಟ್ಟಲೆ ಬೆನ್ನು ನೋವು, ಸಂಜೆ ಜ್ವರ, ತೂಕ ಇಳಿಯೋದು ಅದರ ಲಕ್ಷಣ. ಕ್ಷಯ ತಿಂದ ಮೂಳೆಯನ್ನು ‘ಅಲೈನ್’ ಮಾಡಲು ಹೋದರೆ ಕಾಲಿನ ಬಲವೇ ಹೋಗಬಹುದು. ಅದನ್ನು ಗುರುತಿಸೋದಕ್ಕೆ ತರಬೇತಿ ಬೇಕು. ರೀಲ್ ಸಾಲದು.

ರಾಜಕೀಯ ಶುರುವಾಗೋದು ಇಲ್ಲಿಂದ. ಬ್ರಿಟನ್ 1993ರಲ್ಲಿ ಆಸ್ಟಿಯೋಪತ್‌ಗಳಿಗೆ, 1994ರಲ್ಲಿ ಕೈರೋಪ್ರಾಕ್ಟರ್‌ಗಳಿಗೆ ಕಾಯ್ದೆ ಮಾಡಿತು. ನೋಂದಣಿ ಇಲ್ಲದೆ ಆ ಹೆಸರು ಹಾಕಿಕೊಂಡರೆ ಅಪರಾಧ. ಹಾಗಂತ ಕಾಯ್ದೆಯೊಂದೇ ಸಾಕಾಗಲಿಲ್ಲ. 2008ರಲ್ಲಿ ವಿಜ್ಞಾನ ಲೇಖಕ ಸೈಮನ್ ಸಿಂಗ್ ಗಾರ್ಡಿಯನ್‌ನಲ್ಲಿ, ಮಕ್ಕಳ ಅಸ್ತಮಾ, ಕಿವಿ ಸೋಂಕನ್ನೆಲ್ಲ ಕೈರೋಪ್ರಾಕ್ಟಿಕ್ ವಾಸಿ ಮಾಡುತ್ತೆ ಎಂಬ ಪ್ರಚಾರವನ್ನು ಪ್ರಶ್ನಿಸಿದರು. ಬ್ರಿಟಿಷ್ ಕೈರೋಪ್ರಾಕ್ಟಿಕ್ ಸಂಘ ಅವರ ಮೇಲೆ ಮಾನನಷ್ಟ ಕೇಸು ಹಾಕಿತು. 2010ರಲ್ಲಿ ಮೇಲ್ಮನವಿ ಕೋರ್ಟು ಸಿಂಗ್ ಪರ ನಿಂತ ಮೇಲೆ ಸಂಘ ಕೇಸು ಕೈಬಿಟ್ಟಿತು. ಆ ಗದ್ದಲ ಬ್ರಿಟನ್ನಿನ ಮಾನನಷ್ಟ ಕಾನೂನನ್ನೇ 2013ರಲ್ಲಿ ಬದಲಿಸಿದ ಚಳವಳಿಗೆ ಬಲ ಕೊಟ್ಟಿತು. ಪ್ರಶ್ನೆ ಕೇಳೋದಕ್ಕೂ ಕಾನೂನಿನ ರಕ್ಷಣೆ ಬೇಕು ಅನ್ನೋದು ಅದರ ಪಾಠ.

ನಮ್ಮಲ್ಲಿ? ಆರೋಗ್ಯ ಪೂರಕ ವೃತ್ತಿಗಳಿಗೆ 2021ರಲ್ಲಿ ಕೇಂದ್ರ ಕಾಯ್ದೆ ಬಂತು. ಅದರಲ್ಲಿ ಫಿಸಿಯೋಥೆರಪಿಗೆ ಪ್ರತ್ಯೇಕ ವರ್ಗ ಇದೆ. ಕೈರೋಪ್ರಾಕ್ಟಿಕ್‌ಗೂ ಆಸ್ಟಿಯೋಪತಿಗೂ ಇಲ್ಲ. ಇರುವ ಕಾಯ್ದೆಯನ್ನಾದರೂ ಜಾರಿ ಮಾಡಿ ಎಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಸರ್ಕಾರಗಳಿಗೆ ಗಡುವು ಕೊಡಬೇಕಾಯ್ತು. ಹಾಗಾಗಿ ವಿದೇಶದಲ್ಲಿ ನಾಲ್ಕೈದು ವರ್ಷ ಓದಿ ಬಂದವರೂ, ಬಿಪಿಟಿ ಮುಗಿಸಿ ಹೆಚ್ಚುವರಿ ತರಬೇತಿ ಪಡೆದವರೂ, ವಾರಾಂತ್ಯದ ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಿದವರೂ ಒಂದೇ ಬೋರ್ಡ್ ಹಾಕಬಹುದು. ಪ್ರಾಮಾಣಿಕವಾಗಿ ಕಲಿತವರಿಗೂ ಇದು ಅನ್ಯಾಯವೇ. ಕೈ ಜೋಮಿನ ಬಗ್ಗೆ ನಾನು ದೂರು ಕೊಡಲು ಹೋದಾಗ ಒಂದು ಕಚೇರಿ ‘ಅವರು ನಮ್ಮಲ್ಲಿ ನೋಂದಾಯಿತರಲ್ಲ’ ಅಂದು ಕೈತೊಳೆದುಕೊಂಡಿತು. ನೋಂದಣಿ ಇಲ್ಲ ಅನ್ನೋದೇ ನನ್ನ ದೂರಾಗಿತ್ತು!

ಇನ್ನೊಂದು ಮಾತು ಹೇಳದಿದ್ದರೆ ಇದು ಬರೀ ಗ್ರಾಹಕ ಸಲಹೆ ಆಗುತ್ತೆ. ಈ ಬೆನ್ನುಗಳು ನೋಯ್ತಿರೋದ್ಯಾಕೆ? 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ದುಡಿಯಿರಿ ಅಂದರು. 2024ರ ಜುಲೈನಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆವರೆಗೆ ಏರಿಸುವ ಪ್ರಸ್ತಾವ ನಮ್ಮದೇ ರಾಜ್ಯದಲ್ಲಿ ಚರ್ಚೆಗೆ ಬಂತು, ನೌಕರರ ಸಂಘಟನೆ ಬೀದಿಗಿಳಿಯಿತು. ಗುಂಡಿ ಬಿದ್ದ ರಸ್ತೆಯಲ್ಲಿ ಬ್ಯಾಗ್ ಹೊತ್ತು ಹತ್ತು ಗಂಟೆ ಬೈಕ್ ಓಡಿಸುವ ಡೆಲಿವರಿ ಹುಡುಗನ ಸೊಂಟಕ್ಕೆ ಯಾವ ಪ್ಯಾಕೇಜೂ ಇಲ್ಲ, ನೋವಿನ ಮಾತ್ರೆಯೇ ಗತಿ. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಸೊಂಟ ನೋವಿತ್ತು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟೂ ಜನರ ಮೂಳೆ ಒಂದೇ ಸಲ ಜರುಗಿತಾ? ಕೆಲಸದ ಜಾಗದಲ್ಲಿ ಹುಟ್ಟುವ ನೋವನ್ನು ನಮ್ಮ ನಮ್ಮ ಜೇಬಿನಿಂದ ಮಂಚದ ಮೇಲೆ ಮಲಗಿ ಸರಿ ಮಾಡಿಸಿಕೊಳ್ಳಿ ಅಂತ ಹೇಳುವ ವ್ಯವಸ್ಥೆಯೇ ಈ ಮಾರುಕಟ್ಟೆಯನ್ನು ಸಾಕುತ್ತಿದೆ.

ಗೆಳೆಯನಿಗೆ ಕೊನೆಗೆ ಬರೆದಿದ್ದು ಇಷ್ಟು: ಮೊದಲು ಎಂಬಿಬಿಎಸ್ ಓದಿದ ಡಾಕ್ಟರಿಗೆ ತೋರಿಸು. ಕಾಲಿನ ಬಲ ಕುಗ್ಗಿದರೆ, ತೊಡೆಸಂಧಿ ಮರಗಟ್ಟಿದರೆ, ಮೂತ್ರ-ಮಲದ ಹಿಡಿತ ತಪ್ಪಿದರೆ ಆ ಕ್ಷಣವೇ ಆಸ್ಪತ್ರೆಗೆ ಓಡು. ಅಂಥದ್ದೇನೂ ಇಲ್ಲದಿದ್ದರೆ ಒಳ್ಳೆಯ ಫಿಸಿಯೋಥೆರಪಿಸ್ಟ್ ಹುಡುಕಿ ವ್ಯಾಯಾಮ ಶುರು ಮಾಡು. ಆಮೇಲೂ ಆ ಎರಡರಲ್ಲಿ ಒಂದಕ್ಕೆ ಹೋಗಬೇಕು ಅನಿಸಿದರೆ ಬೋರ್ಡ್ ಬಿಡು, ಮನುಷ್ಯರನ್ನು ನೋಡು. ಎಲ್ಲಿ, ಎಷ್ಟು ವರ್ಷ ಓದಿದ್ದೀರಿ ಅಂತ ಕೇಳು. ನಾಲ್ಕು ಸಲಕ್ಕೆ ಗುಣ ಕಾಣದಿದ್ದರೆ ಏನ್ ಮಾಡ್ತೀರಿ ಅಂತ ಕೇಳು. ಕುತ್ತಿಗೆ ಮುಟ್ಟೋದು ಬೇಡ ಅಂತ ಹೇಳು. ಮುಂಗಡ ಪ್ಯಾಕೇಜ್ ಅಂದ ಕೂಡಲೇ ಎದ್ದು ಬಾ.

ಅವನು ಉತ್ತರಿಸಿದ್ದು ರಾತ್ರಿ ಒಂದು ಗಂಟೆಗೆ: ‘ಸರಿ ಮಗಾ. ನಾಳೆ ಡಾಕ್ಟರ್‌ಗೆ ತೋರಿಸ್ತೀನಿ. ಈಗ ಕಾಲ್‌ನಲ್ಲಿದ್ದೀನಿ, ಇನ್ನೂ ಆಫೀಸಲ್ಲೇ.’