ಮಾಡಿ ನೋಡುವ ಆಟದ ಸೊಗಸು

ವಿಡಿಯೋ ಗೇಮ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅನೇಕ ಪಾಲಕರ ಹುಬ್ಬು ಗಂಟಿಕ್ಕುತ್ತದೆ. ಓದು ಹಾಳು, ಕಣ್ಣು ಹಾಳು, ನಿದ್ದೆ ಹಾಳು ಎಂಬ ದೂರು ಗದಗ-ಬೆಟಗೇರಿಯ ಓಣಿಗಳಲ್ಲೂ ಇದೆ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲೂ ಇದೆ. ದೂರು ಸುಳ್ಳಲ್ಲ. ಆದರೆ ಎಲ್ಲ ಪುಸ್ತಕಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆಟಗಳ ಮಾತೂ ಹಾಗೆಯೇ. ಜಪಾನ್ ದೇಶದಲ್ಲಿ ಮೂರು-ನಾಲ್ಕು ದಶಕಗಳ ಹಿಂದೆ ರೂಪುಗೊಂಡ ಒಂದು ಬಗೆಯ ಆಟಗಳನ್ನು ಇಂದಿಗೂ ಜನ ಹುಡುಕಿ ಆಡುತ್ತಾರೆ. ಅವುಗಳಲ್ಲಿ ಗುಂಡು ಹಾರಿಸುವ ಅವಸರವಿಲ್ಲ. ಗಿಡಮೂಲಿಕೆ, ಅದಿರು, ನೀರು, ಹಿಟ್ಟು ಇಂಥವನ್ನು ಕೂಡಿಸಿ ಹೊಸದೊಂದು ವಸ್ತುವನ್ನು ತಯಾರಿಸುವುದೇ ಅಲ್ಲಿಯ ರುಚಿ. ಆ ರುಚಿಯ ಗುಟ್ಟೇನು? ಅದರಿಂದ ವಿದ್ಯಾರ್ಥಿಗೆ ದಕ್ಕುವುದೇನು, ದಕ್ಕದೆ ಉಳಿಯುವುದೇನು?

ವೇಷ ಕಟ್ಟಿ ಆಡುವ ಆಟ

ಈ ಆಟಗಳಿಗೆ ‘ರೋಲ್ ಪ್ಲೇಯಿಂಗ್ ಗೇಮ್’ ಎಂದು ಹೆಸರು. ದೊಡ್ಡಾಟದಲ್ಲಿ ವೇಷ ಕಟ್ಟಿದವನು ಬೆಳಗಿನವರೆಗೆ ಅರ್ಜುನನೋ ಕರ್ಣನೋ ಆಗಿರುವಂತೆ, ಇಲ್ಲಿ ಆಡುವವನು ಕಥೆಯೊಳಗಿನ ಒಂದು ಪಾತ್ರವಾಗುತ್ತಾನೆ. ಊರೂರು ಅಲೆಯುತ್ತಾನೆ, ಜನರನ್ನು ಮಾತನಾಡಿಸುತ್ತಾನೆ, ಎದುರಾದ ಶತ್ರುವಿನೊಡನೆ ಸರದಿಯಂತೆ ಕಾದಾಡುತ್ತಾನೆ. ಹಳೆಯ ಆಟಗಳಲ್ಲಿ ಹೆಚ್ಚಿನವು ಚದುರಂಗದಂತೆ. ತನ್ನ ಸರದಿ ಬಂದಾಗ ಬೇಕಾದಷ್ಟು ಹೊತ್ತು ಯೋಚಿಸಬಹುದು.

1986ರ ಮೇ ತಿಂಗಳಲ್ಲಿ ಎನಿಕ್ಸ್ ಎಂಬ ಕಂಪನಿ ‘ಡ್ರ್ಯಾಗನ್ ಕ್ವೆಸ್ಟ್’ ಆಟವನ್ನು ನಿಂಟೆಂಡೊ ಕಂಪನಿಯ ‘ಫ್ಯಾಮಿಕಾಮ್’ ಯಂತ್ರಕ್ಕಾಗಿ ಹೊರತಂದಿತು. ವಿನ್ಯಾಸ ಯೂಜಿ ಹೊರಿಯವರದು, ಚಿತ್ರಗಳು ಅಕಿರಾ ತೊರಿಯಾಮ ಅವರವು, ಸಂಗೀತ ಕೋಯಿಚಿ ಸುಗಿಯಾಮ ಅವರದು. ಇಡೀ ಆಟ ಹಿಡಿದದ್ದು ಕೇವಲ 64 ಕಿಲೋಬೈಟ್ ಜಾಗದಲ್ಲಿ. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇದರ ಹತ್ತಾರು ಪಟ್ಟು ದೊಡ್ಡದು! ಮರುವರ್ಷ, 1987ರ ಡಿಸೆಂಬರ್‌ನಲ್ಲಿ, ಸ್ಕ್ವೇರ್ ಕಂಪನಿಯ ‘ಫೈನಲ್ ಫ್ಯಾಂಟಸಿ’ ಬಂದಿತು.

ಮೊದಲ ಡ್ರ್ಯಾಗನ್ ಕ್ವೆಸ್ಟ್‌ನ ಜಪಾನೀ ಕಾರ್ಟ್ರಿಡ್ಜ್‌ಗೆ ನೆನಪಿಟ್ಟುಕೊಳ್ಳುವ ಶಕ್ತಿಯೇ ಇರಲಿಲ್ಲ. ಆಟ ನಿಲ್ಲಿಸುವಾಗ ಪರದೆಯ ಮೇಲೆ 20 ಅಕ್ಷರಗಳ ಒಂದು ‘ಮಂತ್ರ’ ಮೂಡುತ್ತಿತ್ತು. ಅದನ್ನು ವಹಿಯಲ್ಲಿ ಬರೆದಿಟ್ಟುಕೊಂಡು ಮರುದಿನ ಹಾಗೆಯೇ ಒತ್ತಿದರೆ ಆಟ ನಿಂತಲ್ಲಿಂದ ಮುಂದುವರಿಯುತ್ತಿತ್ತು. 1987ರಲ್ಲಿ ಬಂದ ಎರಡನೆಯ ಭಾಗದಲ್ಲಿ ಈ ಮಂತ್ರ 52 ಅಕ್ಷರಗಳವರೆಗೆ ಬೆಳೆಯಿತು. ಒಂದು ಅಕ್ಷರ ತಪ್ಪಿ ಬರೆದರೆ ಅಷ್ಟು ದಿನಗಳ ದುಡಿಮೆ ನೀರುಪಾಲು. ನೋಡಿ ಬರೆಯುವುದರಲ್ಲಿ ಎಷ್ಟು ಜಾಗ್ರತೆ ಬೇಕೆಂಬುದನ್ನು ಜಪಾನಿನ ಮಕ್ಕಳು ಹೀಗೆ ಅತ್ತು ಕಲಿತರು. 1988ರ ಫೆಬ್ರುವರಿಯಲ್ಲಿ ಮೂರನೆಯ ಭಾಗ ಬಂದಾಗ ಶಾಲೆ ತಪ್ಪಿಸಿ ಅಂಗಡಿಯ ಮುಂದೆ ಸಾಲುಗಟ್ಟಿದ ವಿದ್ಯಾರ್ಥಿಗಳ ವಿಷಯ ಅಲ್ಲಿ ದೊಡ್ಡ ಸುದ್ದಿಯಾಯಿತು. ಪಾಲಕರ ಚಿಂತೆ ಎಲ್ಲ ದೇಶಗಳಲ್ಲೂ ಒಂದೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1990ರ ದಶಕದಲ್ಲಿ ಟಿ.ವಿ.ಗೆ ಜೋಡಿಸುವ ಅಗ್ಗದ ಆಟದ ಯಂತ್ರಗಳು ಭಾರತದ ಪೇಟೆಗೂ ಬಂದವು. ಅವುಗಳಲ್ಲಿ ಮನೆಮಾತಾದವು ಮಾರಿಯೊ, ಕಾಂಟ್ರಾದಂಥ ಓಡುವ, ಹಾರುವ ಆಟಗಳು. ಪಾತ್ರದ ಆಟಕ್ಕೆ ಓದು ಬೇಕು, ಅದೂ ಜಪಾನೀ ಅಥವಾ ಇಂಗ್ಲಿಷ್ ಭಾಷೆಯಲ್ಲಿ. ಆದ್ದರಿಂದ ಅದು ಇಲ್ಲಿಯ ಮಕ್ಕಳಿಗೆ ತಡವಾಗಿ ಪರಿಚಯವಾಯಿತು.

ಎರಡು ಕೂಡಿದರೆ ಮೂರನೆಯದು

ಇಂಥ ಆಟಗಳಲ್ಲಿ ಔಷಧ, ಕತ್ತಿ, ಗುರಾಣಿಗಳನ್ನು ಅಂಗಡಿಯಲ್ಲಿ ಕೊಳ್ಳುವುದು ಮೊದಲಿನ ರೂಢಿ. ತಾನೇ ತಯಾರಿಸುವ ಪದ್ಧತಿ ಬಂದಮೇಲೆ ಆಟಕ್ಕೆ ಬೇರೆಯೇ ಕಳೆ ಬಂದಿತು. 1996ರ ‘ಸ್ಟಾರ್ ಓಷನ್’ ಆಟದಲ್ಲಿ ಅಡಿಗೆ, ಲೋಹದ ಕೆಲಸ, ರಸವಿದ್ಯೆಗಳನ್ನು ಪಾತ್ರಗಳು ಕಲಿಯಬಹುದು. ಕೆಲಸ ಕೆಟ್ಟರೆ ಸಾಮಗ್ರಿ ನಷ್ಟ. 2004ರಲ್ಲಿ ಬಂದ ಎಂಟನೆಯ ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ‘ರಸವಿದ್ಯೆಯ ಮಡಕೆ’ ಎಂಬುದೊಂದಿದೆ. ಗಾಯಕ್ಕೆ ಹಚ್ಚುವ ಸೊಪ್ಪು ಎರಡನ್ನು ಅದರಲ್ಲಿ ಹಾಕಿ ನಡೆಯುತ್ತಿರಬೇಕು. ಸ್ವಲ್ಪ ಹೊತ್ತಿಗೆ ಮಡಕೆ ಸದ್ದು ಮಾಡುತ್ತದೆ. ತೆರೆದರೆ ಮೊದಲಿನದಕ್ಕಿಂತ ಪ್ರಬಲವಾದ ಔಷಧ ಸಿದ್ಧ. ಯಾವುದರ ಜೊತೆ ಯಾವುದು ಕೂಡುತ್ತದೆಂಬ ಸುಳಿವು ಎಲ್ಲಿದೆ? ಊರಿನ ಮನೆಗಳಲ್ಲಿರುವ ಪುಸ್ತಕದ ಕಪಾಟುಗಳಲ್ಲಿ. ಓದಿದವನಿಗೆ ಲಾಭ.

ಈ ಬಗೆಯ ಆಟಗಳಲ್ಲಿ ವಿದ್ಯಾರ್ಥಿಗಳಿಗೆ ಹತ್ತಿರವಾದದ್ದು ‘ಅಟೆಲಿಯರ್ ಮರೀ’. ಅಟೆಲಿಯರ್ ಎಂದರೆ ಫ್ರೆಂಚ್ ಭಾಷೆಯಲ್ಲಿ ಕಾರ್ಯಾಗಾರ. ಜಪಾನಿನ ನಾಗಾನೊ ನಗರದ ಗಸ್ಟ್ ಕಂಪನಿ ಇದನ್ನು 1997ರ ಮೇ ತಿಂಗಳಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಹೊರತಂದಿತು. ಕಥಾನಾಯಕಿ ಮರೀ ರಾಜಕುಮಾರಿಯಲ್ಲ, ವೀರಳೂ ಅಲ್ಲ. ರಸವಿದ್ಯಾಲಯದಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ಪಡೆದ ಹುಡುಗಿ! ಆಕೆಯ ಶಿಕ್ಷಕಿ ಇಂಗ್ರಿಡ್ ಆಕೆಯನ್ನು ಶಾಲೆಯಿಂದ ಹೊರಹಾಕುವುದಿಲ್ಲ. ಒಂದು ಚಿಕ್ಕ ಕಾರ್ಯಾಗಾರವನ್ನು ಒಪ್ಪಿಸಿ, ಐದು ವರ್ಷದೊಳಗೆ ಮೆಚ್ಚುವಂಥ ಒಂದು ವಸ್ತುವನ್ನು ತಯಾರಿಸಿ ತೋರಿಸು, ಆಗ ತೇರ್ಗಡೆ ಎನ್ನುತ್ತಾಳೆ.

ಅಲ್ಲಿಂದ ಆಟ ಶುರು. ಕಾಡಿಗೆ ಹೋಗಿ ಬರಲು ಇಷ್ಟು ದಿನ, ಔಷಧ ಸಿದ್ಧವಾಗಲು ಇಷ್ಟು ದಿನ ಎಂದು ಪಂಚಾಂಗ ಓಡುತ್ತಿರುತ್ತದೆ. ವಿಧಾನ ಗೊತ್ತಾಗಬೇಕಾದರೆ ಗ್ರಂಥ ಓದಬೇಕು. ಕೆಲವು ಕೆಲಸಗಳಿಗೆ ಖಲ್ಲು, ತಕ್ಕಡಿ, ಗಾಜಿನ ಪಾತ್ರೆಗಳಂಥ ಸಲಕರಣೆ ಬೇಕು. ಅವುಗಳಿಗೆ ಹಣ ಬೇಕೆಂದರೆ ಊರಿನವರು ಕೇಳಿದ ವಸ್ತುಗಳನ್ನು ಮಾಡಿಕೊಡಬೇಕು. ದುಡಿದು ದುಡಿದು ಮರೀ ದಣಿಯುತ್ತಾಳೆ, ಆಗ ವಿಶ್ರಾಂತಿ ಕೊಡಬೇಕು. ಲೋಕವನ್ನು ರಾಕ್ಷಸನಿಂದ ಕಾಪಾಡುವ ಹೊಣೆ ಇಲ್ಲಿ ಇಲ್ಲ. ಕೈಕೆಲಸ ಕಲಿತು ತೇರ್ಗಡೆಯಾಗುವುದೇ ದೊಡ್ಡ ಸಾಹಸ. ಇಪ್ಪತ್ತಾರು ವರ್ಷಗಳ ನಂತರ, 2023ರಲ್ಲಿ, ಇದೇ ಆಟವನ್ನು ಹೊಸದಾಗಿ ಮಾಡಿ ಬಿಡುಗಡೆ ಮಾಡಿದರೆಂದರೆ ಅದರ ಮೇಲಿನ ಅಕ್ಕರೆ ಎಷ್ಟೆಂದು ತಿಳಿಯಬಹುದು.

ಸೊಗಸಿನ ಕಾರಣ ಇದರಲ್ಲಿಯೇ ಇದೆ. ಕಷ್ಟಪಟ್ಟು ಹುಡುಕಿದ ಬೇರು, ಓದಿ ತಿಳಿದ ವಿಧಾನ, ಕಾದು ಪಡೆದ ಫಲ. ಇವು ಕೂಡಿದಾಗ ಕೈಗೆ ಬಂದ ವಸ್ತು ‘ಸಿಕ್ಕದ್ದು’ ಅಲ್ಲ, ‘ಮಾಡಿದ್ದು’. ಬೆಟಗೇರಿಯ ನೇಕಾರರ ಮನೆಯ ಮಕ್ಕಳಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಹಾಸು ಯಾವುದು, ಹೊಕ್ಕು ಯಾವುದು, ನೂಲಿಗೆ ಗಂಜಿ ಎಷ್ಟು ಎಂಬ ಲೆಕ್ಕ ತಪ್ಪಿದರೆ ಸೀರೆ ಕೆಡುತ್ತದೆ. ಲೆಕ್ಕ ಸರಿಯಿದ್ದರೆ ಮಗ್ಗ ಮೋಸ ಮಾಡುವುದಿಲ್ಲ.

ಅಡಿಗೆಮನೆಯ ರಸವಿದ್ಯೆ

ಆಟದ ರಸವಿದ್ಯೆ ‘ಏನು ಕೂಡಿದರೆ ಏನಾಗುತ್ತದೆ’ ಎಂಬುದನ್ನು ಮಾತ್ರ ಹೇಳುತ್ತದೆ. ‘ಏಕೆ’ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಉತ್ತರವಿರುವುದು ವಿಜ್ಞಾನದಲ್ಲಿ. ಒಂದು ಸಣ್ಣ ಪ್ರಯೋಗ ನೋಡಿ. ಒಂದು ಲೋಟ ನೀರಿಗೆ ಚಿಟಿಕೆ ಅರಿಶಿಣ ಹಾಕಿ. ನೀರು ಹಳದಿ. ಅದಕ್ಕೆ ಎಲೆ ಅಡಿಕೆಯ ಸುಣ್ಣದ ತಿಳಿನೀರನ್ನು ಹಿರಿಯರಿಂದ ಹನಿಹನಿಯಾಗಿ ಹಾಕಿಸಿ. ಹಳದಿ ಹೋಗಿ ಕೆಂಪು ಓಕುಳಿಯಾಗುತ್ತದೆ. ಮದುವೆ, ಹಬ್ಬಗಳಲ್ಲಿ ಎಲ್ಲರೂ ಕಂಡ ಓಕುಳಿ ಇದೇ. ಈಗ ನಿಂಬೆಹಣ್ಣು ಹಿಂಡುತ್ತ ಹೋಗಿ. ಮತ್ತೆ ಹಳದಿ!

ಅರಿಶಿಣದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತದೆ, ಆಮ್ಲದಲ್ಲಿ ಹಳದಿಯಾಗಿಯೇ ಉಳಿಯುತ್ತದೆ. ಸುಣ್ಣದ ನೀರು ಪ್ರತ್ಯಾಮ್ಲ, ನಿಂಬೆರಸ ಆಮ್ಲ. ಒಂದು ಇನ್ನೊಂದರ ಗುಣವನ್ನು ಕಳೆಯುವುದೇ ತಟಸ್ಥೀಕರಣ. ಅಟೆಲಿಯರ್ ಆಟಗಳಲ್ಲಿಯೂ ‘ತಟಸ್ಥಕಾರಿ’ ಎಂಬ ಬಣ್ಣಬಣ್ಣದ ದ್ರವಗಳಿವೆ. ಹೆಸರು ರಸಾಯನಶಾಸ್ತ್ರದಿಂದ ಪಡೆದ ಎರವಲು, ಕೆಲಸ ಕಲ್ಪನೆಯದು. 10ನೆಯ ತರಗತಿಯ ಪಠ್ಯದಲ್ಲಿ ಅರಿಶಿಣದ ಈ ಗುಣವನ್ನು ಓದುವ ವಿದ್ಯಾರ್ಥಿ ಅದನ್ನೊಮ್ಮೆ ಕೈಯಾರೆ ಮಾಡಿ ನೋಡಿದರೆ ಪರೀಕ್ಷೆಗಾಗಿ ಬಾಯಿಪಾಠ ಮಾಡಬೇಕಾಗುವುದಿಲ್ಲ.

ಹಾಗಾದರೆ ರಸವಿದ್ಯೆಯಿಂದ ಚಿನ್ನ ಮಾಡಬಹುದೇ? ಆಟದಲ್ಲಿ ಆಗಬಹುದು, ಅಡಿಗೆಮನೆಯಲ್ಲಿ ಆಗದು. ಚಿನ್ನ ಒಂದು ಧಾತು. ಅದರ ಪರಮಾಣು ಕೇಂದ್ರದಲ್ಲಿ 79 ಪ್ರೋಟಾನುಗಳಿವೆ, ಸೀಸದಲ್ಲಿ 82. ಕುದಿಸುವುದು, ಬೆರೆಸುವುದು, ಭಟ್ಟಿ ಇಳಿಸುವುದು ಇವೆಲ್ಲ ಪರಮಾಣುವಿನ ಹೊರಗಿನ ಎಲೆಕ್ಟ್ರಾನುಗಳ ವ್ಯವಹಾರ. ಕೇಂದ್ರವನ್ನು ಅವು ಮುಟ್ಟಲಾರವು. ಹಳೆಯ ರಸವಾದಿಗಳಿಗೆ ಇದು ತಿಳಿದಿರಲಿಲ್ಲ. ಚಿನ್ನ ಅವರ ಕೈಗೆ ಬರಲಿಲ್ಲ, ಆದರೆ ಭಟ್ಟಿ ಇಳಿಸುವ, ಸೋಸುವ, ತೂಗಿ ಬೆರೆಸುವ ಕೌಶಲ್ಯಗಳನ್ನು ಅವರು ಮುಂದಿನ ರಸಾಯನಶಾಸ್ತ್ರಕ್ಕೆ ಬಿಟ್ಟುಹೋದರು.

ಕಪ್ಪತಗುಡ್ಡದ ಸೊಪ್ಪು ಮತ್ತೆ ಮೂಡೀತೇ?

ಆಟದ ಕಾಡಿಗೂ ನಿಜವಾದ ಕಾಡಿಗೂ ಒಂದು ದೊಡ್ಡ ಅಂತರವಿದೆ. ಆಟದಲ್ಲಿ ಗಿಡ ಕಿತ್ತರೆ ಮುಂದಿನ ಸಲ ಹೋದಾಗ ಅದೇ ಜಾಗದಲ್ಲಿ ಗಿಡ ಇರುತ್ತದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡ ಔಷಧೀಯ ಸಸ್ಯಗಳಿಗೆ ಹೆಸರಾದದ್ದು. ಅಲ್ಲಿ ಬೇರು ಅಗೆದರೆ ಗಿಡ ಸತ್ತಿತು. ಬೀಜ ಬೀಳುವ ಮೊದಲೇ ಕಿತ್ತರೆ ಮುಂದಿನ ಪೀಳಿಗೆಯೂ ಹೋಯಿತು. ಅದೇ ಗುಡ್ಡದ ಕಲ್ಲಿನಲ್ಲಿ ಚಿನ್ನ, ಕಬ್ಬಿಣದ ಅದಿರುಗಳಿರುವುದರಿಂದ ಗಣಿಗಾರಿಕೆಯ ಕಣ್ಣೂ ಅದರ ಮೇಲಿದೆ. 2015ರಲ್ಲಿ ಘೋಷಿಸಿದ ಸಂರಕ್ಷಿತ ಪ್ರದೇಶದ ಸ್ಥಾನವನ್ನು ಸರ್ಕಾರ 2016ರಲ್ಲಿ ಹಿಂತೆಗೆದುಕೊಂಡಾಗ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಜನ ಹೋರಾಡಿದರು. 2017ರಲ್ಲಿ ಆ ಸ್ಥಾನ ಮರಳಿ ಬಂದಿತು, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಅಭಯಾರಣ್ಯದಿಂದ ಅನುಮತಿಯಿಲ್ಲದೆ ಗಿಡ ಕೀಳುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯುತ್ತದೆ. ಆಟ ಕಲಿಸದ ಪಾಠ ಇದು: ಸಾಮಗ್ರಿಗೆ ಮಿತಿ ಇದೆ.

ಇನ್ನೊಂದು ಎಚ್ಚರ. ಆಟದ ಪಾತ್ರ ಯಾವ ಸೊಪ್ಪನ್ನಾದರೂ ಕುಡಿದು ಬದುಕೀತು. ಕಂಡ ಗಿಡದ ಕಷಾಯವನ್ನು ಮಕ್ಕಳು ತಾವೇ ಮಾಡಿ ಕುಡಿಯುವುದು ಅಪಾಯ. ಒಂದೇ ಗಿಡ ಒಂದು ಪ್ರಮಾಣದಲ್ಲಿ ಮದ್ದು, ಇನ್ನೊಂದು ಪ್ರಮಾಣದಲ್ಲಿ ವಿಷವಾಗಬಹುದು.

ಮಾಡುವುದು, ಎಳೆಯುವುದು

ಈಗಿನ ಅನೇಕ ಮೊಬೈಲ್ ಆಟಗಳೂ ಜಪಾನೀ ಚಿತ್ರಗಳ ಚಂದದ ವೇಷ ತೊಟ್ಟಿವೆ. ಒಳಗಿನ ಹುರುಳು ಮಾತ್ರ ಬೇರೆ. ಅಲ್ಲಿ ಕತ್ತಿಯನ್ನು ಮಾಡುವುದಿಲ್ಲ, ಹಣ ಕೊಟ್ಟು ಚೀಟಿ ಎಳೆಯುತ್ತಾರೆ. ಇದಕ್ಕೆ ‘ಗಾಚಾ’ ಎನ್ನುವರು. ನಾಣ್ಯ ಹಾಕಿ ತಿರುಗಿಸಿದರೆ ಯಾವುದೋ ಒಂದು ಬೊಂಬೆ ಬೀಳುವ ಜಪಾನೀ ಯಂತ್ರದಿಂದ ಬಂದ ಹೆಸರು.

ಗಣಿತ ಬಲ್ಲ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಲಿ. ಬೇಕಾದ ವಸ್ತು ಸಿಗುವ ಸಂಭವ ನೂರಕ್ಕೆ ಒಂದು ಎಂದುಕೊಳ್ಳೋಣ. ನೂರು ಸಲ ಎಳೆದರೆ ಸಿಕ್ಕೇ ಸಿಗುತ್ತದೆಂದು ಹಲವರು ನಂಬುತ್ತಾರೆ. ಒಂದು ಸಲ ಸಿಗದಿರುವ ಸಂಭವ 0.99. ಅದನ್ನು ನೂರು ಬಾರಿ ಗುಣಿಸಿದರೆ ಸುಮಾರು 0.37. ಅಂದರೆ ನೂರು ಮಂದಿ ತಲಾ ನೂರು ಸಲ ಎಳೆದರೂ ಸುಮಾರು 37 ಮಂದಿ ಬರಿಗೈಯಲ್ಲಿ ಉಳಿಯುತ್ತಾರೆ. ಹಲವು ಚೀಟಿಗಳನ್ನು ಸೇರಿಸಿದರೆ ಮಾತ್ರ ದೊಡ್ಡ ಬಹುಮಾನ ಎಂಬ ಇನ್ನೂ ಕ್ರೂರವಾದ ಬಗೆಯೊಂದು ಕಾನೂನಿಗೆ ವಿರುದ್ಧವೆಂದು ಜಪಾನಿನ ಗ್ರಾಹಕ ವ್ಯವಹಾರ ಇಲಾಖೆ 2012ರಲ್ಲಿ ಹೇಳಿದ ಮೇಲೆ ಅಲ್ಲಿಯ ಕಂಪನಿಗಳು ಅದನ್ನು ಕೈಬಿಟ್ಟವು. ಭಾರತದಲ್ಲಿ, ಗೆಲುವಿನ ಆಸೆಗೆ ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಆದರೂ ಮನೆಯ ಮೊಬೈಲಿನಲ್ಲಿ ಮಗು ಏನನ್ನು ಒತ್ತುತ್ತಿದೆ ಎಂದು ನೋಡುವವರು ಪಾಲಕರೇ.

ಹಳೆಯ ಆಟಗಳಲ್ಲಿ ದೋಷವಿಲ್ಲವೆಂದಲ್ಲ. ಒಂದು ಕಥೆ ಮುಗಿಯಲು ಹತ್ತಾರು ಗಂಟೆ ಬೇಕು. ಒಂದೇ ಶತ್ರುವನ್ನು ನೂರು ಸಲ ಸೋಲಿಸುವ ಬೇಸರ ಉಂಟು. ಸೋತ ಶತ್ರು ಬಿಟ್ಟುಹೋಗುವ ವಸ್ತುವಿನಲ್ಲಿ ಅದೃಷ್ಟದ ಪಾಲೂ ಉಂಟು. ಆದರೆ ಕಾರ್ಟ್ರಿಡ್ಜ್ ಒಮ್ಮೆ ಕೊಂಡರೆ ಮುಗಿಯಿತು. ಅದು ಮತ್ತೆ ಜೇಬಿಗೆ ಕೈ ಹಾಕುತ್ತಿರಲಿಲ್ಲ.

ಆದ್ದರಿಂದ ‘ಆಟ ಬಿಡು’ ಎಂದು ಗದರುವ ಮೊದಲು ಪಾಲಕರು ಮಗುವಿನ ಪಕ್ಕ ಹತ್ತು ನಿಮಿಷ ಕುಳಿತು ಮೂರು ಪ್ರಶ್ನೆ ಕೇಳಬಹುದು. ಈ ವಸ್ತುವನ್ನು ನೀನು ಹೇಗೆ ಪಡೆದೆ? ಅದನ್ನು ಇನ್ನೊಬ್ಬರಿಗೆ ಹೇಳಿಕೊಡಬಲ್ಲೆಯಾ? ಇದರಲ್ಲಿ ಹಣ ಕೇಳುತ್ತದೆಯೇ? ಮೊದಲೆರಡಕ್ಕೆ ಮಗು ಉತ್ಸಾಹದಿಂದ ಉತ್ತರಿಸಿ, ಮೂರನೆಯದಕ್ಕೆ ‘ಇಲ್ಲ’ ಎಂದರೆ ದಿನಕ್ಕೆ ಇಷ್ಟು ಹೊತ್ತು ಎಂಬ ಕರಾರಿನ ಮೇಲೆ ಆಡಲಿ.

ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ಅದೇ ಮಗುವಿನ ಕೈಗೆ ಎರೆಮಣ್ಣನ್ನು ಕೊಡಿ. ನೀರು ಹೆಚ್ಚಾದರೆ ಎತ್ತಿನ ಕಾಲು ಕುಸಿಯುತ್ತದೆ, ಕಡಿಮೆಯಾದರೆ ಒಣಗಿ ಬಿರಿಯುತ್ತದೆ. ಸರಿಯಾದ ಹದ ಎಷ್ಟೆಂದು ಯಾವ ಪುಸ್ತಕದ ಕಪಾಟಿನಲ್ಲೂ ಬರೆದಿಲ್ಲ. ಎರಡು ಎತ್ತು ಮುರಿದ ಮೇಲೆ ಮೂರನೆಯದು ನಿಲ್ಲುತ್ತದೆ.