ಲೆಕ್ಕದ ಬಾಗಿಲ ಕೀಲಿ ಯಾರ ಕೈಯಲ್ಲಿ?

ನಮ್ಮ ಊರಿನ ಪೇಟೆಬೀದಿಯಲ್ಲಿ ಈಗ ಹೊಸ ಬಗೆಯ ಏಜೆಂಟರು ಓಡಾಡುತ್ತಿದ್ದಾರೆ. ಮೊದಲು ವಿಮೆ ಮಾರುವವರು ಬರುತ್ತಿದ್ದರು; ಆಮೇಲೆ ಬಿಲ್ಲಿನ ಯಂತ್ರ ಮಾರುವವರು ಬಂದರು. ಈಗ ಬರುವವರ ಕೈಯಲ್ಲಿ ತೋರಿಸಲು ವಸ್ತುವೇ ಇಲ್ಲ. "ನಿಮ್ಮ ಲೆಕ್ಕ, ಬ್ಯಾಂಕು, ಗೋದಾಮು, ತೆರಿಗೆ ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ ಕೊಡುತ್ತೇವೆ, ವರ್ಷಕ್ಕೆ ಇಷ್ಟು ಕಟ್ಟಿ" ಎನ್ನುತ್ತಾರೆ. ಮಾತಿಗೊಮ್ಮೆ ಕ್ಲೌಡ್ ಎನ್ನುತ್ತಾರೆ, ಎ.ಪಿ.ಐ. ಎನ್ನುತ್ತಾರೆ. ಮೊನ್ನೆ ನೂಲಿನ ವರ್ತಕರೊಬ್ಬರು ಇಂಥ ಮೂರು ದರಪಟ್ಟಿಗಳನ್ನು ತಂದು ನಮ್ಮ ಮೇಜಿನ ಮೇಲೆ ಹಾಕಿ, "ಇವುಗಳಲ್ಲಿ ಯಾವುದು ಮೇಲು, ನೀವೇ ಹೇಳಿ" ಎಂದರು. ಅದೇ ವಾರ ಗಿರಣಿಯ ಯೂನಿಯನ್ನಿನ ಗೆಳೆಯರೊಬ್ಬರು ಬಂದು, "ಹಾಜರಿ ಯಂತ್ರವನ್ನು ನೇರವಾಗಿ ಸಂಬಳದ ಲೆಕ್ಕಕ್ಕೆ ಜೋಡಿಸುತ್ತಾರಂತೆ, ಇದರಿಂದ ನಮ್ಮ ಗತಿ ಏನು?" ಎಂದು ಕೇಳಿದರು. ಇಬ್ಬರು ಕೇಳಿದ್ದೂ ಒಂದೇ ಪ್ರಶ್ನೆ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಉತ್ತರ ಕೊಡುವುದು ನಮ್ಮ ಕರ್ತವ್ಯವೆಂದು ಇದನ್ನು ಬರೆಯುತ್ತಿದ್ದೇವೆ.

ಎ.ಪಿ.ಐ. ಎಂಬ ಹೆಸರಿಗೆ ಹೆದರಬೇಕಾದ್ದಿಲ್ಲ. ಒಂದು ಸಾಫ್ಟ್‌ವೇರು ಇನ್ನೊಂದರೊಡನೆ ಮಾತನಾಡಲು ಇಟ್ಟುಕೊಂಡ ಕಿಂಡಿ ಅದು. ಬ್ಯಾಂಕಿನ ಕಿಂಡಿಯಲ್ಲಿ ಚಲನ್ ಕೊಡುತ್ತೇವೆ. ಅದರಲ್ಲಿ ಏನೇನು ತುಂಬಬೇಕೆಂದು ಬ್ಯಾಂಕು ಮೊದಲೇ ಗೊತ್ತುಮಾಡಿದೆ. ಸರಿಯಾಗಿ ತುಂಬಿದರೆ ಮುದ್ರೆ ಒತ್ತಿ ರಸೀತಿ ಕೊಡುತ್ತಾರೆ, ತಪ್ಪಿದರೆ ಹಿಂದಕ್ಕೆ ತಳ್ಳುತ್ತಾರೆ. ಇಲ್ಲಿಯೂ ಅದೇ ಕ್ರಮ. ವರ್ತಕನ ಕಂಪ್ಯೂಟರಿನಲ್ಲಿ ಬರೆದ ಬಿಲ್ಲು ಸರಕಾರದ ಇ-ಇನ್ವಾಯ್ಸ್ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿಂದ ಒಂದು ನೋಂದಣಿ ಸಂಖ್ಯೆಯೂ ಒಂದು ಕ್ಯೂಆರ್ ಗುರುತೂ ಅದೇ ಗಳಿಗೆಯಲ್ಲಿ ಹಿಂದಿರುಗುತ್ತವೆ. ನಡುವೆ ಮನುಷ್ಯನಿಲ್ಲ.

ಕಿಂಡಿಗಳು ನೂರಾರಾದಾಗ ಅವುಗಳ ಮುಂದೆ ಒಬ್ಬ ಕಾವಲುಗಾರ ಬೇಕಾಗುತ್ತಾನೆ. ಬಂದವನು ಯಾರು, ಒಳಗೆ ಬಿಡಬಹುದೇ, ದಿನಕ್ಕೆ ಎಷ್ಟು ಸಲ ಬರಬಹುದು, ಏನು ಕೇಳಿದ, ಇದನ್ನೆಲ್ಲ ಅವನು ಬರೆದಿಡುತ್ತಾನೆ. ಇದಕ್ಕೆ ಎ.ಪಿ.ಐ. ನಿರ್ವಹಣೆ ಎನ್ನುತ್ತಾರೆ. ಒಂದು ಲೆಕ್ಕದ ಭಾಷೆ ಇನ್ನೊಂದಕ್ಕೆ ತಿಳಿಯದಿದ್ದಲ್ಲಿ ನಡುವೆ ದುಭಾಷಿ ಬೇಕು. ಆ ಕೆಲಸಕ್ಕೆ ಇಂಟಿಗ್ರೇಷನ್ ಎಂದು ಹೆಸರು. ಈ ಕಾವಲುಗಾರನನ್ನೂ ದುಭಾಷಿಯನ್ನೂ ಬಾಡಿಗೆಗೆ ಕೊಡುವ ವ್ಯಾಪಾರವೇ ಈಗ ನಡೆದಿರುವುದು.

ಈ ವ್ಯಾಪಾರದ ಯಜಮಾನರು ಯಾರು? ಎಪಿಜಿ ಎಂಬ ಕಂಪೆನಿಯನ್ನು ಗೂಗಲ್ 2016ರಲ್ಲಿ ಸುಮಾರು 62.5 ಕೋಟಿ ಡಾಲರಿಗೆ ಕೊಂಡಿತು. ಆ ಕಂಪೆನಿಯ ಕೆಲಸದ ದೊಡ್ಡ ಪಾಲು ನಡೆಯುತ್ತಿದ್ದುದು ನಮ್ಮ ಬೆಂಗಳೂರಿನಲ್ಲಿ. ಬುದ್ಧಿ ನಮ್ಮ ಹುಡುಗರದು, ಒಡೆತನ ಕ್ಯಾಲಿಫೋರ್ನಿಯಾದ್ದು. ಮ್ಯೂಲ್‌ಸಾಫ್ಟ್ ಎಂಬುದನ್ನು ಸೇಲ್ಸ್‌ಫೋರ್ಸ್ 2018ರಲ್ಲಿ 650 ಕೋಟಿ ಡಾಲರಿಗೆ ಕೊಂಡಿತು. ಅಮೆಜಾನ್ 2015ರಲ್ಲಿ ತನ್ನದೇ ಎ.ಪಿ.ಐ. ಗೇಟ್‌ವೇ ತೆರೆಯಿತು. ಮೈಕ್ರೋಸಾಫ್ಟಿನ ಅಜ್ಯೂರ್ ಕ್ಲೌಡಿನಲ್ಲಿಯೂ ಇಂಥದೇ ಸೇವೆಯಿದೆ. ಒಂದು ಕಾವಲುಗಾರನ ಕೆಲಸಕ್ಕೆ ನೂರಾರು ಕೋಟಿ ಡಾಲರು ಸುರಿಯುತ್ತಾರೆಂದರೆ ಆ ಬಾಗಿಲಿನಲ್ಲಿ ಎಂಥ ಆದಾಯವಿದೆಯೆಂಬುದನ್ನು ವಾಚಕರೇ ಊಹಿಸಲಿ.

ಆದರೆ ನ್ಯಾಯವಾದ ಮಾತನ್ನು ಮೊದಲು ಹೇಳಿಬಿಡೋಣ. ಸೇವೆಯ ಬಿಡಿದರ ಹೆಚ್ಚೇನೂ ಅಲ್ಲ. ಅಮೆಜಾನ್ ಬಹುಕಾಲದಿಂದ ಪ್ರಕಟಿಸಿರುವ ಅಮೆರಿಕದ ಪೂರ್ವವಲಯದ ದರಪಟ್ಟಿಯ ಮೊದಲ ಹಂತದಲ್ಲಿ ಹತ್ತು ಲಕ್ಷ ಕರೆಗಳಿಗೆ ಮೂರೂವರೆ ಡಾಲರು. ಸರಳ ಬಗೆಯದಾದರೆ ಒಂದೇ ಡಾಲರು. ಒಬ್ಬ ವರ್ತಕನ ಲೆಕ್ಕ ದಿನಕ್ಕೆ ಹತ್ತು ಸಾವಿರ ಸಲ ಕಿಂಡಿ ತಟ್ಟಿದರೂ ವರ್ಷಕ್ಕೆ 36.5 ಲಕ್ಷ ಕರೆಗಳಾದವು. ಅದಕ್ಕೆ ಬೀಳುವುದು ಹದಿಮೂರು ಡಾಲರಿಗೂ ಕಡಿಮೆ. ಹಾಗಿದ್ದ ಮೇಲೆ ನಮ್ಮ ವರ್ತಕರ ದರಪಟ್ಟಿಯಲ್ಲಿ ಲಕ್ಷಗಳ ಮೊತ್ತ ಎಲ್ಲಿಂದ ಬಂತು? ಮಾಸಿಕ ಚಂದಾ, ಜೋಡಣೆಯ ಕೂಲಿ, ದುರಸ್ತಿಯ ಕರಾರು, ಏಜೆಂಟನ ಕಮಿಷನ್ನು, ಇವುಗಳಿಂದ ಬಂತು. ಅಕ್ಕಿ ಅಗ್ಗ, ಚೀಲದ ಬೆಲೆ ದುಬಾರಿ!

ಈಗ ತುಲನೆ ಮಾಡೋಣ. ಕರೆಗೆ ಇಷ್ಟು ಎಂದು ಲೆಕ್ಕ ಹಾಕುವುದು ಅಮೆಜಾನಿನ ಪದ್ಧತಿ. ಬಳಸಿದಷ್ಟಕ್ಕೆ ಮಾತ್ರ ಹಣ. ಅಜ್ಯೂರಿನಲ್ಲಿ ಬಳಕೆಗೆ ತಕ್ಕ ದರವೂ ಇದೆ, ಗಂಟೆಯ ಬಾಡಿಗೆಯ ಮೇಲಿನ ದರ್ಜೆಗಳೂ ಇವೆ. ಮೇಲಿನ ದರ್ಜೆ ಹಿಡಿದವನು ಅಂಗಡಿ ಮುಚ್ಚಿದ ರಾತ್ರಿಯಲ್ಲೂ ಬಾಡಿಗೆ ತೆರಬೇಕು. ಮೈಕ್ರೋಸಾಫ್ಟಿನ ಇತರ ಸಾಫ್ಟ್‌ವೇರುಗಳನ್ನು ಆಗಲೇ ಬಳಸುವ ದೊಡ್ಡ ಕಚೇರಿಗೆ ಅದು ಹೊಂದುತ್ತದೆ. ಎಪಿಜಿ ಹೊರಗಿನ ಸಾವಿರಾರು ಜನಕ್ಕೆ ಕಿಂಡಿ ತೆರೆಯಬೇಕಾದ ಬ್ಯಾಂಕು, ಟೆಲಿಫೋನ್ ಕಂಪೆನಿಗಳಂಥವರಿಗೆ ಹೇಳಿ ಮಾಡಿಸಿದ್ದು. ಹತ್ತಾರು ಹಳೆಯ ಹೊಸ ಸಾಫ್ಟ್‌ವೇರುಗಳನ್ನು ಒಟ್ಟಿಗೆ ಹೊಲಿಯಬೇಕಾದಲ್ಲಿ ಮ್ಯೂಲ್‌ಸಾಫ್ಟ್ ಗಟ್ಟಿ. ಅದು ದೊಡ್ಡ ಕುಳಗಳ ಸರಕು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ, ಒಂದು ಬ್ಯಾಂಕು ಖಾತೆಯ, ಒಂದು ಗೋದಾಮಿನ ವರ್ತಕನಿಗೆ ಈ ನಾಲ್ಕರಲ್ಲಿ ಯಾವುದೂ ಬೇಕಾಗಿಲ್ಲ. ಇದೇ ನಮ್ಮ ತೀರ್ಪು. ಯಾವುದೇ ವರ್ಷ ವಹಿವಾಟು 5 ಕೋಟಿ ರೂಪಾಯಿ ದಾಟದವನಿಗೆ ಇ-ಇನ್ವಾಯ್ಸ್ ಕಡ್ಡಾಯವೇ ಇಲ್ಲ. 2023ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ಮಿತಿ ಅದು. "ಕಡ್ಡಾಯ ಸ್ವಾಮಿ, ಇಲ್ಲದಿದ್ದರೆ ದಂಡ" ಎಂದು ಹೆದರಿಸುವ ಏಜೆಂಟನಿಗೆ ಈ ತಾರೀಖನ್ನೂ ಈ ಮೊತ್ತವನ್ನೂ ತೋರಿಸಿ ಕಳುಹಿಸಿರಿ.

ಬೆಲೆಗಿಂತ ದೊಡ್ಡ ಮಾತು ಇನ್ನೊಂದಿದೆ. ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ. ಎಪಿಜಿಯಲ್ಲಿ ಬರೆದ ಕಟ್ಟಳೆಗಳು ಅಜ್ಯೂರಿನಲ್ಲಿ ಹಾಗೆಯೇ ನಡೆಯುವುದಿಲ್ಲ. ಮ್ಯೂಲ್‌ಸಾಫ್ಟಿಗೆ ಡೇಟಾವೀವ್ ಎಂಬ ಅದರದೇ ಭಾಷೆ. ಐದು ವರ್ಷ ಒಬ್ಬನ ಮನೆಯಲ್ಲಿ ಲೆಕ್ಕ ಕಟ್ಟಿದ ಮೇಲೆ ಇನ್ನೊಬ್ಬನಲ್ಲಿಗೆ ಹೋಗಬೇಕಾದರೆ ಜೋಡಣೆಯನ್ನೆಲ್ಲ ಹೊಸದಾಗಿ ಬರೆಯಿಸಬೇಕು. ಅದರ ಮೇಲೆ ಮಾಹಿತಿಯನ್ನು ಹೊರಗೆ ಒಯ್ಯುವುದಕ್ಕೂ ಸುಂಕ! ಬಿಟ್ಟುಹೋಗುವ ಗಿರಾಕಿಯಿಂದ ಈ ಸುಂಕ ವಸೂಲು ಮಾಡುವುದನ್ನು ಗೂಗಲ್ 2024ರ ಜನವರಿಯಲ್ಲಿಯೂ, ಅಮೆಜಾನ್ ಮತ್ತು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿಯಲ್ಲಿಯೂ ಕೈಬಿಟ್ಟವು. ಇದು ಅವರ ಔದಾರ್ಯವೇ? ಆ ಹೊತ್ತಿಗೆ ಯುರೋಪಿನ ಒಕ್ಕೂಟ ಡೇಟಾ ಕಾಯಿದೆಯನ್ನು ಮಾಡಿಯಾಗಿತ್ತು. 2025ರ ಸೆಪ್ಟೆಂಬರ್ 12ರಿಂದ ಅದು ಜಾರಿಗೆ ಬಂತು. 2027ರ ಜನವರಿ 12ರ ಮೇಲೆ ಕ್ಲೌಡ್ ಬದಲಿಸುವವನಿಂದ ಬದಲಾವಣೆಯ ಶುಲ್ಕ ಕೇಳಕೂಡದೆಂದು ಅದು ಹೇಳುತ್ತದೆ. ಕಾನೂನಿನ ಕೋಲು ಕಂಡಾಗ ಮಾತ್ರ ಬಂಡವಾಳಕ್ಕೆ ಧರ್ಮ ನೆನಪಾಗುತ್ತದೆ. ಅಂಥ ಕಾನೂನು ನಮ್ಮ ದೇಶದ ವರ್ತಕನಿಗೂ ಬೇಡವೇ?

ಕೀಲಿ ಪರರ ಕೈಯಲ್ಲಿದ್ದರೆ ಏನಾಗುತ್ತದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಗುಜರಾತಿನ ವಾಡಿನಾರದಲ್ಲಿ ಎಣ್ಣೆ ಶುದ್ಧೀಕರಣ ಕಾರ್ಖಾನೆ ನಡೆಸುವ ನಯಾರಾ ಎನರ್ಜಿ ಕಂಪೆನಿಯಲ್ಲಿ ರಷ್ಯದ ಪಾಲಿದೆ. 2025ರ ಜುಲೈಯಲ್ಲಿ ಯುರೋಪಿನ ಒಕ್ಕೂಟ ಅದರ ಮೇಲೆ ನಿರ್ಬಂಧ ಹಾಕಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಸೇವೆಯನ್ನು ನಿಲ್ಲಿಸಿಬಿಟ್ಟಿತು. ಹಣ ಕಟ್ಟಿದ ಗಿರಾಕಿ, ಭಾರತದ ನೆಲದ ಕಾರ್ಖಾನೆ, ಭಾರತದ ಕಾನೂನು ಮುರಿದ ಆರೋಪವಿಲ್ಲ. ಆದರೂ ಬಾಗಿಲು ಮುಚ್ಚಿತು. ಕಂಪೆನಿ ದಿಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಸೇವೆ ಮರಳಿತು. ಅಷ್ಟು ದೊಡ್ಡ ಕಂಪೆನಿಗೆ ಕೋರ್ಟಿಗೆ ಹೋಗುವ ತಾಕತ್ತಿತ್ತು. ನಮ್ಮ ಪೇಟೆಯ ವರ್ತಕನಿಗೆ ಉಂಟೇ? ಅದೇ ವರ್ಷದ ಅಕ್ಟೋಬರ್ 20ರಂದು ಅಮೆಜಾನಿನ ವರ್ಜೀನಿಯಾ ಕೇಂದ್ರದಲ್ಲಿ ಒಂದು ವ್ಯವಸ್ಥೆ ಕೆಟ್ಟು ಜಗತ್ತಿನ ನಾನಾ ಕಡೆ ವ್ಯವಹಾರಗಳು ಗಂಟೆಗಟ್ಟಲೆ ನಿಂತವು. ಅಲ್ಲಿ ದುರುದ್ದೇಶವಿರಲಿಲ್ಲ, ಬರಿಯ ದೋಷ. ಎಲ್ಲರ ಗಾಡಿಯೂ ಒಂದೇ ಎತ್ತಿಗೆ ಕಟ್ಟಿದ್ದರೆ ಎತ್ತು ಕುಂಟಿದ ದಿನ ಸಂತೆಯೇ ನಿಲ್ಲುತ್ತದೆ.

ಸರಕಾರದ ಕೈಯಲ್ಲಿದ್ದರೆ ಎಲ್ಲವೂ ಸರಿಹೋಗುತ್ತದೆಂದು ನಾವು ಹೇಳುತ್ತಿಲ್ಲ. 2025ರ ಜುಲೈಯಲ್ಲಿಯೇ ನಮ್ಮ ರಾಜ್ಯದ ಸಣ್ಣ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟೀಸುಗಳು ಬಂದುದನ್ನು ಯಾರು ಮರೆತಾರು? ಯು.ಪಿ.ಐ. ಮೂಲಕ ಬಂದ ಹಣವನ್ನು ಯಂತ್ರ ಕೂಡಿತು. 40 ಲಕ್ಷದ ಗಡಿ ದಾಟಿದವರಿಗೆ ಕಾಗದ ಹೋಯಿತು. ಅದರಲ್ಲಿ ತೆರಿಗೆಯೇ ಇಲ್ಲದ ಹಾಲು ತರಕಾರಿಯ ಹಣವೆಷ್ಟು, ನೆಂಟರು ಕೊಟ್ಟ ಕೈಸಾಲವೆಷ್ಟು ಎಂದು ಯಂತ್ರ ಕೇಳಲಿಲ್ಲ. ಅಂಗಡಿಗಳ ಮುಂದಿನ ಕ್ಯೂಆರ್ ಹಲಗೆಗಳು ಕೆಳಗಿಳಿದವು, ವರ್ತಕರು ಬಂದ್ ಕರೆ ಕೊಟ್ಟರು. ಆಮೇಲೆ ಮುಖ್ಯಮಂತ್ರಿಗಳು ಅವರನ್ನು ಕರೆಸಿ ಮಾತನಾಡಿ, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದರು. ಒಗ್ಗಟ್ಟಿನಿಂದ ಗೆದ್ದೆವು, ನಿಜ. ಆದರೆ ಪಾಠ ಉಳಿದಿದೆ. ಜೋಡಣೆ ವರ್ತಕನ ಕಡೆಯಿಂದ ಇಲಾಖೆಯ ಕಡೆಗೆ ಮಾತ್ರ ಹರಿಯಿತು. ತನ್ನ ವಿಷಯದಲ್ಲಿ ಏನು ಬರೆದಿದೆಯೆಂದು ನೋಡುವ ಕಿಂಡಿ ವರ್ತಕನಿಗೆ ಇರಲಿಲ್ಲ.

ಗಿರಣಿಯ ಗೆಳೆಯರ ಪ್ರಶ್ನೆ ಇಲ್ಲಿಯೇ ಬಂದು ಸೇರುತ್ತದೆ. ಟೈಮ್ ಆಫೀಸಿನ ಗುಮಾಸ್ತ ಹಾಜರಿ ಬರೆಯುತ್ತಿದ್ದಾಗ ತಪ್ಪಾದರೆ ಅವನ ಮೇಜಿನ ಮುಂದೆ ನಿಂತು ಜಗಳವಾಡಿ ಸರಿಪಡಿಸಿಕೊಳ್ಳಬಹುದಾಗಿತ್ತು. ಹಾಜರಿ ಯಂತ್ರ ಸಂಬಳದ ಸಾಫ್ಟ್‌ವೇರಿಗೆ, ಅದು ಬ್ಯಾಂಕಿಗೂ ಪ್ರಾವಿಡೆಂಟ್ ಫಂಡಿಗೂ ಜೋಡಿಕೊಂಡ ಮೇಲೆ ಒಂದು ಕಡೆಯ ತಪ್ಪು ಮೂರು ಕಡೆ ನಿಜವಾಗಿಬಿಡುತ್ತದೆ. ಇಬ್ಬರ ಪಾಳಿ ಅದಲುಬದಲಾದುದು, ಬದಲಿ ಕಾರ್ಮಿಕ ಅರ್ಧ ಪಾಳಿ ದುಡಿದುದು, ಇವನ್ನು ಬರೆಯುವ ಅಂಕಣವೇ ಸಾಫ್ಟ್‌ವೇರಿನಲ್ಲಿ ಇಲ್ಲದಿದ್ದರೆ ಆ ದುಡಿಮೆ ನಡೆದೇ ಇಲ್ಲವೆಂದಾಗುತ್ತದೆ. ಆದ್ದರಿಂದ ಯೂನಿಯನ್ನು ಯಂತ್ರವನ್ನು ಒಡೆಯಬೇಕಾದ್ದಿಲ್ಲ. ಮೂರು ಹಕ್ಕುಗಳನ್ನು ಕೇಳಬೇಕು. ಪ್ರತಿಯೊಬ್ಬನಿಗೂ ತನ್ನ ಹಾಜರಿಯ ದಾಖಲೆ ಅದೇ ದಿನ ಕನ್ನಡದಲ್ಲಿ ಕಾಣಬೇಕು. ತಪ್ಪು ತಿದ್ದುವ ಅಧಿಕಾರವುಳ್ಳ ಒಬ್ಬ ಮನುಷ್ಯ ಗಿರಣಿಯೊಳಗೇ ಇರಬೇಕು. ತಕರಾರು ತೀರುವ ತನಕ ಕೂಲಿ ಕಡಿತವಾಗಕೂಡದು.

ಹಾಗಾದರೆ ದಾರಿ ಯಾವುದು? ಉದಾಹರಣೆಗೆ ನಮ್ಮ ಯು.ಪಿ.ಐ.ಯನ್ನೇ ನೋಡಿರಿ. 2016ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಕಿಂಡಿಯ ಕಟ್ಟಳೆ ಎಲ್ಲ ಬ್ಯಾಂಕುಗಳಿಗೂ ಒಂದೇ. ಒಂದು ಬ್ಯಾಂಕಿನ ಗಿರಾಕಿ ಇನ್ನೊಂದು ಬ್ಯಾಂಕಿನ ವರ್ತಕನಿಗೆ ಹಣ ಕೊಡುತ್ತಾನೆ. 2020ರ ಜನವರಿಯಿಂದ ಅದಕ್ಕೆ ವರ್ತಕನಿಂದ ಕಮಿಷನ್ ಹಿಡಿಯುವುದನ್ನು ಸರಕಾರ ತಡೆಯಿತು. ರಸ್ತೆ ಸಾರ್ವಜನಿಕವಾದರೆ ಬಡವನೂ ನಡೆಯಬಲ್ಲನೆಂಬುದಕ್ಕೆ ಇದು ಸಾಕ್ಷಿ. ಅದರಲ್ಲೂ ಕೊರತೆಯಿದೆ: 2025ರಲ್ಲಿ ವಹಿವಾಟುಗಳ ಐದರಲ್ಲಿ ನಾಲ್ಕು ಪಾಲು ಫೋನ್‌ಪೇ, ಗೂಗಲ್‌ಪೇ ಎಂಬ ಎರಡೇ ಗಾಡಿಗಳಲ್ಲಿ ಸಾಗುತ್ತಿತ್ತು. ಒಬ್ಬನಿಗೆ ನೂರಕ್ಕೆ ಮೂವತ್ತು ಮೀರಕೂಡದೆಂದು 2020ರಲ್ಲಿಯೇ ಮಾಡಿದ ನಿಯಮದ ಗಡುವನ್ನು 2026ರ ಕೊನೆಯವರೆಗೆ ಮುಂದೂಡಿದರು. ರಸ್ತೆ ನಮ್ಮದಾದರೆ ಸಾಲದು, ಗಾಡಿಯವರ ಏಕಸ್ವಾಮ್ಯದ ಮೇಲೂ ಕಣ್ಣಿರಬೇಕು.

ಜೋಡಣೆ ನಿಜವಾಗಿ ಬೇಕಾದವರಿಗೂ ಬೇರೆ ದಾರಿಯುಂಟು. ಅಪಾಚೆ ಪ್ರತಿಷ್ಠಾನದ ಎಪಿಸಿಕ್ಸ್ ಎಂಬ ಗೇಟ್‌ವೇಯ ಮೂಲ ಬರಹ ಎಲ್ಲರಿಗೂ ಬಿಡುವಾಗಿದೆ. ನೆರೆಯ ಸಿಂಹಳದಲ್ಲಿ 2005ರಲ್ಲಿ ಹುಟ್ಟಿದ ಡಬ್ಲ್ಯುಎಸ್‌ಒ2 ಕೂಡ ತನ್ನ ಬರಹವನ್ನು ಬಿಡುವಾಗಿಯೇ ಬೆಳೆಸಿತು. ಅದನ್ನು 2024ರಲ್ಲಿ ಯುರೋಪಿನ ಬಂಡವಾಳ ಸಂಸ್ಥೆಯೊಂದು ಕೊಂಡುಕೊಂಡಿತು. ಆದರೆ ಕಂಪೆನಿ ಮಾರಾಟವಾದರೂ ಆಗಲೇ ಬಿಡುಗಡೆಯಾದ ಬರಹವನ್ನು ಯಾರೂ ಕಿತ್ತುಕೊಳ್ಳಲಾರರು. ಇದು ಪುಕ್ಕಟೆಯೆಂದು ಮಾತ್ರ ತಿಳಿಯಬೇಡಿರಿ. ನಡೆಸಲು ತಿಳಿದವರು ಬೇಕು, ಅವರಿಗೆ ಸಂಬಳ ಬೇಕು. ಒಬ್ಬ ವರ್ತಕನಿಂದ ಆಗದ್ದು ವರ್ತಕರ ಸಂಘದಿಂದ ಆಗುತ್ತದೆ. ಪತ್ತಿನ ಸಹಕಾರ ಸಂಘ ಕಟ್ಟಿ ಬಡ್ಡಿಯ ಸಾಹುಕಾರರ ಬಾಗಿಲು ತಪ್ಪಿಸಿಕೊಂಡ ಜನಕ್ಕೆ ಲೆಕ್ಕದ ಸಹಕಾರ ಸಂಘ ಕಟ್ಟುವುದು ಹೊಸ ವಿದ್ಯೆಯೇ? ಇಬ್ಬರು ಮೂವರು ತಿಳಿದ ತರುಣರನ್ನು ಇಟ್ಟುಕೊಂಡರೆ ಐವತ್ತು ಅಂಗಡಿಗಳ ಜೋಡಣೆ ನಡೆದೀತು. ನಮ್ಮ ಊರಿನ ಹುಡುಗರಿಗೆ ಕೆಲಸವೂ ಆದೀತು.

ಅಷ್ಟರ ತನಕ ಯಾರೇ ಏಜೆಂಟನ ಕಾಗದಕ್ಕೆ ರುಜು ಹಾಕುವ ಮೊದಲು ನಾಲ್ಕು ಮಾತುಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ. ಬಿಟ್ಟುಹೋಗುವ ದಿನ ನನ್ನ ಲೆಕ್ಕವೆಲ್ಲ ಬೇರೆಡೆ ಓದಬಲ್ಲ ರೂಪದಲ್ಲಿ ಎಷ್ಟು ದಿನದಲ್ಲಿ ಕೊಡುತ್ತೀರಿ? ನನ್ನ ಗಿರಾಕಿಗಳ ಮಾಹಿತಿಯನ್ನು ಇನ್ನಾರಿಗೆ ಕೊಡುತ್ತೀರಿ? ಸೇವೆ ನಿಂತ ದಿನದ ನಷ್ಟ ಯಾರದು? ಮುಂದಿನ ವರ್ಷ ದರ ಎಷ್ಟರ ಮಟ್ಟಿಗೆ ಏರಿಸಬಲ್ಲಿರಿ? ಇವಕ್ಕೆ ಉತ್ತರ ಕೊಡದವನ ದರ ಎಷ್ಟೇ ಅಗ್ಗವಾಗಿದ್ದರೂ ಬೇಡ.

ನೂಲಿನ ವರ್ತಕರು ಮೂರು ಕಾಗದಗಳನ್ನೂ ಹಿಂದಕ್ಕೆ ಒಯ್ದಿದ್ದಾರೆ. ಸಂಘದ ಮುಂದಿನ ಸಭೆಯಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಮಂಡಿಸುತ್ತೇವೆಂದು ಹೇಳಿದ್ದಾರೆ. ಗಿರಣಿಯ ಗೇಟಿನ ಬಳಿಯ ಸಭೆಯಲ್ಲಿ ಮೂರು ಹಕ್ಕುಗಳ ಮಾತು ಬರಲಿದೆ. ಎರಡು ಸಭೆಗಳೂ ಒಂದೇ ದಿನ ಒಂದೇ ಚಪ್ಪರದ ಕೆಳಗೆ ಏಕೆ ನಡೆಯಬಾರದು? ನೂಲು ನೇಯುವವನ ಹಾಜರಿಯೂ ನೂಲು ಮಾರುವವನ ಬಿಲ್ಲೂ ಒಂದೇ ಬಾಗಿಲಿನಿಂದ ಹೊರಗೆ ಹೋಗುತ್ತಿವೆ. ಆ ಬಾಗಿಲಿನ ಕೀಲಿಯನ್ನು ಕೇಳಲು ಇಬ್ಬರೂ ಕೂಡಿಯೇ ಹೋಗಬೇಕು.